ಎರಡು ನಂಬರ್ ದೊಡ್ಡ ಬೂಟು

ಮಕ್ಕಳ ಪಾದಕ್ಕೆ ಸರಿಯಾಗಿ ಕೂರುವ ಶೂ ಕಂಡರೆ ನನ್ನ ಗಂಡ ಸರ್ಫರಾಝ್‌ಗೆ ಸಿಟ್ಟು ಬರುತ್ತದೆ. ಆರು ತಿಂಗಳಲ್ಲಿ ಬಿಗಿಯಾಗುವುದಕ್ಕೆ ದುಡ್ಡು ಸುರಿಯಬೇಕೇ ಎಂದು ಅಂಗಡಿಯವನ ಮುಖಕ್ಕೇ ಕೇಳಿ, ಎರಡು ನಂಬರ್ ದೊಡ್ಡದನ್ನು ಹಿಡಿದು ಬರುತ್ತಾನೆ. ಅವನೊಬ್ಬನನ್ನೇ ದೂರಿ ಪ್ರಯೋಜನವಿಲ್ಲ. ಉಳ್ಳಾಲದಲ್ಲಿ ನಾನೂ ಹಾಗೆಯೇ ಬೆಳೆದವಳು. ಶಾಲೆಗೆ ಸೇರಿದಾಗ ಹಿಮ್ಮಡಿ ಮುಟ್ಟುತ್ತಿದ್ದ ಲಂಗ ನನ್ನ ಅಳತೆಗೆ ಬರುವಷ್ಟರಲ್ಲಿ ಅದರ ಬಣ್ಣವೇ ಹೋಗಿತ್ತು.

ಈಗ ನಾವಿರುವುದು ಕೊಲ್ಲಿ ದೇಶವೊಂದರಲ್ಲಿ. ಮೂರು ವರ್ಷದ ಹಿಂದೆ ಇಲ್ಲಿಯ ಅಬು ಹಮೂರ್ ಬಡಾವಣೆಯ ಒಂದು ವಿಲ್ಲಾದಲ್ಲಿ, ದೇಶ ಬಿಟ್ಟು ಹೊರಟಿದ್ದ ಕುಟುಂಬವೊಂದು ಮನೆಸಾಮಾನನ್ನೆಲ್ಲ ಅಂಗಳದಲ್ಲಿ ಹರಡಿ ಮಾರುತ್ತಿತ್ತು. ಮಿಕ್ಸಿ ನೋಡಿ ಬರುತ್ತೇನೆಂದು ಹೋದ ಸರ್ಫರಾಝ್ ಮಕ್ಕಳ ಸ್ಕೀ ಒಂದು ಜೊತೆ, ಅದಕ್ಕೆ ಸಿಕ್ಕಿಸುವ ಗಟ್ಟಿ ಬೂಟು ಒಂದು ಜೊತೆ ಹೊತ್ತು ತಂದ. ಅವನ ಆಫೀಸಿನ ಅರ್ಧ ಜನ ಚಳಿಗಾಲದ ರಜೆಗೆ ಜಾರ್ಜಿಯಾಕ್ಕೆ ಹೋಗುತ್ತಾರೆ. ಅವರ ಮಕ್ಕಳು ಮಂಜಿನ ಮೇಲೆ ಜಾರುವ ವಿಡಿಯೋಗಳನ್ನು ನೋಡಿ ನೋಡಿ ಇವನಿಗೂ ಹುಳ ಹೊಕ್ಕಿತ್ತು. ನಮ್ಮ ದೊಡ್ಡ ಮಗಳು ಹಿಬಾಗೆ ಆಗ ಎಂಟು ವರ್ಷ.

ಬೂಟು ಎರಡು ನಂಬರ್ ದೊಡ್ಡದಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

"ಎರಡು ಸಾಕ್ಸ್ ಹಾಕಿದ್ರೆ ಆಯ್ತು," ಎಂದ ಅವನು.

ನನ್ನ ಗೆಳತಿ ಜೋಆನ್ ಆ ದಿನ ಮನೆಗೆ ಬಂದಿದ್ದಳು. ಮಂಗಳೂರಿನವಳು, ಮಗಳನ್ನು ಎರಡು ಸಲ ಜಾರ್ಜಿಯಾಕ್ಕೆ ಕರೆದುಕೊಂಡು ಹೋಗಿ ಕಲಿಸಿದವಳು. ಬೂಟಿನೊಳಗೆ ಹಿಬಾಳ ಕಾಲು ಅಲ್ಲಾಡುವುದನ್ನು ನೋಡಿ ತಲೆ ಚಚ್ಚಿಕೊಂಡಳು. "ಮಾರಾಯ್ರೇ, ಇದು ಶಾಲೆಯ ಶೂ ಅಲ್ಲ. ಕಾಲು ಒಳಗೆ ಅಲ್ಲಾಡಿದ್ರೆ ಸ್ಕೀ ಒಂದು ಕಡೆ, ಮಂಡಿ ಒಂದು ಕಡೆ. ಅಲ್ಲೇ ಬಾಡಿಗೆಗೆ ಸಿಗ್ತದೆ, ಸರಿ ಅಳತೆಯದ್ದು."

"ಮನೆಯಲ್ಲಿ ಇರುವಾಗ ಬಾಡಿಗೆಗೆ ಎಂತಕ್ಕೆ? ಬರುವ ವರ್ಷ ಸರಿಯಾಗ್ತದೆ," ಎಂದ ಸರ್ಫರಾಝ್. ಮಗಳ ಮೂಳೆ ಮುರಿಯುವುದು ಒಂದು ವರ್ಷ ಮುಂದೆ ಹೋಯಿತಲ್ಲ ಎಂದು ನಾನು ಒಳಗೊಳಗೇ ಖುಷಿಪಟ್ಟೆ.

ಮರುವರ್ಷ ಬೂಟು ಇನ್ನೂ ಒಂದು ಬೆರಳು ಸಡಿಲವಿತ್ತು. ಚಿಕ್ಕವಳು ನಹ್ಲಾಗೆ ಐದಾಗಲಿ, ಇಬ್ಬರೂ ಒಟ್ಟಿಗೆ ಕಲಿಯಲಿ ಎಂಬ ಹೊಸ ಮಾತೂ ಹುಟ್ಟಿತು. ನಮ್ಮಲ್ಲಿ ಎಲ್ಲವೂ ಒಟ್ಟಿಗೇ. ಊರಿಗೆ ಹೋಗುವುದು ವರ್ಷಕ್ಕೊಮ್ಮೆ, ಹಾಗಾಗಿ ಅಣ್ಣತಮ್ಮಂದಿರ ಸುನ್ನತಿಯಿಂದ ಅಕ್ಕತಂಗಿಯರ ಕಿವಿ ಚುಚ್ಚುವವರೆಗೆ ಒಂದೇ ಖರ್ಚಿನಲ್ಲಿ ಮುಗಿಸಿದರೇ ಜಾಣತನ. ಬೂಟನ್ನು ಪೆಟ್ಟಿಗೆಯಲ್ಲಿಟ್ಟು ಕಪಾಟಿನ ಮೇಲೇರಿಸಿದೆವು.

ಈ ನವೆಂಬರ್‌ನಲ್ಲಿ ಅಲ್ ಮನ್ಸೂರಾದ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಪೆಟ್ಟಿಗೆ ಮತ್ತೆ ಕೆಳಗಿಳಿಯಿತು. ನಹ್ಲಾಗೆ ಐದು, ಹಿಬಾಗೆ ಹನ್ನೊಂದು, ಟಿಕೆಟ್ ನೋಡಿ ಆಗಿತ್ತು. ಹಿಬಾ ಕಾಲು ತೂರಿಸಿದಳು. ಹೋಗಲಿಲ್ಲ. ಸರ್ಫರಾಝ್ ಮಂಡಿಯೂರಿ ಕೂತು ಒತ್ತಿದ, ಬಕಲ್ ಎಳೆದ. ಅವಳ ಕಣ್ಣಲ್ಲಿ ನೀರು ಬಂತು, ಹಿಮ್ಮಡಿ ಮಾತ್ರ ಒಳಗೆ ಇಳಿಯಲಿಲ್ಲ. ಸಡಿಲವಾಗಿದ್ದದ್ದು ನೇರವಾಗಿ ಬಿಗಿಯಾಗಿತ್ತು. ಆ ಬೂಟು ನನ್ನ ಮಗಳಿಗೆ ಸರಿಯಾಗಿದ್ದ ದಿನವೊಂದು ನಡುವೆ ಎಲ್ಲೋ ಇತ್ತು. ಆವತ್ತು ಅದು ಕಪಾಟಿನ ಮೇಲಿತ್ತು.

"ಪರ್ವಾಗಿಲ್ಲ, ನಹ್ಲಾಗೆ ಆಗ್ತದೆ," ಎಂದ ಸರ್ಫರಾಝ್. ನಹ್ಲಾ ಅದರಲ್ಲಿ ತೊಡೆಯವರೆಗೆ ಮುಳುಗಿ ಹಾಲಿಡೀ ಧಡಧಡ ನಡೆದಳು. ಐದು ವರ್ಷ ಸರಿಯಾದ ವಯಸ್ಸೋ, ಏಳೋ ಎಂದು ಅವನು ಫೋನಿನಲ್ಲಿ ಹುಡುಕತೊಡಗಿದ.

"ಹಿಬಾಗೆ ಅಲ್ಲಿ ಬಾಡಿಗೆಗೆ ತೆಗೆದುಕೊಳ್ಳುವ," ಎಂದೆ ನಾನು.

"ಬೇಡ ಉಮ್ಮ," ಎಂದಳು ಹಿಬಾ. "ನಾನು ದೊಡ್ಡವಳಾದೆ. ನಹ್ಲಾ ಕಲೀಲಿ. ನಾನು ವಿಡಿಯೋ ಮಾಡ್ತೇನೆ."

ಉಳ್ಳಾಲದಲ್ಲಿ ನಮ್ಮ ಮನೆಯಿಂದ ಕೂಗಿದರೆ ಸಮುದ್ರಕ್ಕೆ ಕೇಳಿಸುತ್ತಿತ್ತು. ಅಣ್ಣಂದಿರು ಮೀನಿನ ಹಾಗೆ ಈಜುತ್ತಿದ್ದರು. ನಾನು ಕೇಳಿದಾಗಲೆಲ್ಲ, "ಈಗ ಬೇಡ, ನೀನು ಚಿಕ್ಕವಳು" ಎನ್ನುತ್ತಿದ್ದರು. ಒಂದು ದಿನ ಅದೇ ಬಾಯಿಂದ, "ಈಗ ಬೇಡ, ನೀನು ದೊಡ್ಡವಳಾದೆ" ಎಂದರು. ಈಜು ಬಾರದ ಬಗ್ಗೆ ನನಗೆ ಈಗ ದುಃಖವಿಲ್ಲ. ಆದರೆ ಆ ಎರಡನೇ ಮಾತನ್ನು ನನಗೆ ಬೇರೆಯವರು ಹೇಳಿದ್ದರು. ನನ್ನ ಮಗಳು ಅದನ್ನು ತಾನೇ ಹೇಳಿಕೊಂಡಳು.

ಮಕ್ಕಳು ಮಲಗುವ ಕೋಣೆಗೆ ಹೋದ ಮೇಲೆ ನಾನು ಸರ್ಫರಾಝ್‌ನ ಮೇಲೆ ಹರಿಹಾಯ್ದೆ. ಅವನೂ ಬಿಡಲಿಲ್ಲ. "ಬೇಡ ಅಂತ ಅವಳೇ ಹೇಳಿದ್ಲು, ಖಲಾಸ್. ಒತ್ತಾಯ ಮಾಡಿ ಕಲಿಸ್ಲಿಕ್ಕೆ ಅದೆಂತ ಗಣಿತವಾ?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ, ನನಗೆ ಉರಿದದ್ದೂ ಅದಕ್ಕೇ. ಬೇಡ ಎನ್ನುವ ಮಗುವನ್ನು ಬೆಟ್ಟದ ಮೇಲಿಂದ ತಳ್ಳಬಾರದು. ಆದರೆ ಮಗುವಿನದೇ ಆದ 'ಬೇಡ' ಯಾವುದು, ನಾವು ಕಲಿಸಿ ಕೊಟ್ಟ 'ಬೇಡ' ಯಾವುದು ಎಂದು ತಿಳಿಯುವುದು ಹೇಗೆ? ಕೇಳುವುದೊಂದೇ ದಾರಿ ಎಂದುಕೊಂಡು ಹಿಬಾಳ ಮಂಚದ ತುದಿಯಲ್ಲಿ ಹೋಗಿ ಕೂತೆ.

"ಬೀಳುವ ಹೆದರಿಕೆಯಾ?"

"ಅಲ್ಲ. ಅಲ್ಲಿ ಚಿಕ್ಕ ಚಿಕ್ಕ ಕಿಡ್ಸ್ ಎಲ್ಲ ಫಾಸ್ಟ್ ಹೋಗ್ತಾರೆ. ನಾನು ಇಷ್ಟು ದೊಡ್ಡವಳು ಬೀಳ್ತಾ ಇದ್ರೆ ಎಲ್ಲರೂ ನೋಡ್ತಾರೆ."

"ಯಾರೂ ನೋಡದಿದ್ರೆ?"

ಅವಳು ಗೋಡೆಯ ಕಡೆ ಹೊರಳಿದಳು. ನಿದ್ದೆ ಬಂತೇನೋ ಎಂದುಕೊಂಡೆ. "ಆಗ ಓಕೆ, ಮೇ ಬಿ," ಎಂದಿತು ಗೋಡೆಯ ಕಡೆಯಿಂದ.

ರಜೆಯ ದಿನವಾದ ಶುಕ್ರವಾರ ಬೆಳಗ್ಗೆ ಈ ಊರು ಏಳುವುದಿಲ್ಲ. ಫಜ್ರ್ ನಮಾಝ್ ಮುಗಿಸಿ ನಾನೂ ಹಿಬಾಳೂ ಇಬ್ಬರೇ ಕಡಲ ತೀರದ ಸೀಲೈನ್‌ನ ಮರಳು ದಿಬ್ಬಗಳ ಕಡೆ ಹೊರಟೆವು. ಜೋಆನ್ ತನ್ನ ಮಗಳ ಸ್ಕೀ, ಬೂಟು ಕೊಟ್ಟಿದ್ದಳು. ಹಿಬಾಳ ಕಾಲಿಗೆ ಅವು ಒಂದು ಕೂದಲೂ ಆಚೀಚೆ ಇಲ್ಲದೆ ಕೂತಿದ್ದವು. "ಮೊದಲು ಬೀಳ್ಲಿಕ್ಕೆ ಕಲಿಸು, ಪಕ್ಕಕ್ಕೆ ಬೀಳ್ಬೇಕು. ಮಂಡಿ ಬಗ್ಗಿಸಿ ನಿಲ್ಲುವುದು ಆಮೇಲೆ," ಎಂದು ಅವಳೇ ಹೇಳಿಕೊಟ್ಟಿದ್ದಳು. ಮರಳು ಮಂಜಿನಷ್ಟು ಜಾರುವುದಿಲ್ಲ, ಅಡಿಗೆ ಮೇಣ ತಿಕ್ಕಬೇಕು. ತಿಕ್ಕಿದೆವು. ಸಮತಟ್ಟಾದ ಜಾಗದಲ್ಲಿ ತಾಯಿಯೂ ಮಗಳೂ ಪಕ್ಕಕ್ಕೆ ಬೀಳುವುದನ್ನು ಅಭ್ಯಾಸ ಮಾಡಿದೆವು. ನನ್ನ ಅಬಾಯದ ತುಂಬ ಮರಳು. ಹಿಬಾ ನಕ್ಕಳು. ಆಮೇಲೆ ಗಿಡ್ಡ ದಿಬ್ಬವೊಂದನ್ನು ಅವಳೇ ಆರಿಸಿ ಹತ್ತಿದಳು.

ಮೇಲೆ ನಿಂತು ಸ್ಕೀ ಸಿಕ್ಕಿಸಿಕೊಂಡವಳು ಜಾರಲಿಲ್ಲ. ನಾನು ಕೆಳಗೆ ಕೈ ಚಾಚಿ ನಿಂತಿದ್ದೆ.

"ಉಮ್ಮ, ನೀನೂ ನೋಡ್ಬೇಡ!"

"ಬಿದ್ರೆ?"

"ಬೀಳ್ತೇನೆ. ನೀನು ಆಚೆ ತಿರುಗು."

ಮಗುವಿಗೆ ಬೆನ್ನು ಹಾಕಿ ನಿಲ್ಲುವುದು ನನಗೆ ಯಾರೂ ಕಲಿಸಿರದ ಕೆಲಸ. ಆದರೂ ತಿರುಗಿದೆ. ದೂರದಲ್ಲಿ ಸಮುದ್ರ ಬೆಳ್ಳಗಿತ್ತು. ಹಿಂದೆ ಸರ್ರನೆ ಸದ್ದು, ಧೊಪ್ಪೆಂದು ಇನ್ನೊಂದು. ಕತ್ತು ಹೊರಳುವಷ್ಟರಲ್ಲಿ ತಡೆದುಕೊಂಡೆ. ಅವಳು ಏದುಸಿರು ಬಿಡುತ್ತ ಮೇಲೆ ಹತ್ತಿದ್ದು ಕೇಳಿಸಿತು. ಮತ್ತೆ ಸರ್ರನೆ, ಮತ್ತೆ ಧೊಪ್ಪನೆ. ಬಾಯಿಗೆ ಬಂದ ದುಆಗಳನ್ನೆಲ್ಲ ಹೇಳಿದೆ. ಅಳುವಿನಂಥ ಸದ್ದೊಂದು ಬಂದು ನಿಂತಿತು. ಆಮೇಲೆ ಸರ್ರನೆ ಶುರುವಾದದ್ದು ನಿಲ್ಲಲೇ ಇಲ್ಲ, ನನ್ನ ಪಕ್ಕದಲ್ಲೇ ಹಾದು ಮುಂದೆ ಹೋಯಿತು. ನೋಡಬಾರದೆಂದರೂ ಈಗ ಅವಳು ನನ್ನ ಕಣ್ಣೆದುರಿಗೇ ಇದ್ದಳು, ಮಂಡಿ ಬಗ್ಗಿಸಿಕೊಂಡು, ಬೀಳದೆ.

ನಿಂತು ಹಿಂತಿರುಗಿದಳು. ಮುಖವೆಲ್ಲ ಮರಳು. ನಗುತ್ತಾಳೆ, ಓಡಿ ಬಂದು ತಬ್ಬಿಕೊಳ್ಳುತ್ತಾಳೆ ಎಂದುಕೊಂಡೆ.

"ಇಷ್ಟೇನಾ ಉಮ್ಮ?" ಎಂದು ಕೇಳಿದಳು. "ಇದಕ್ಕೆ ಎಂತಕ್ಕೆ ಮೂರು ವರ್ಷ?"

ಸಿಟ್ಟಿರಲಿಲ್ಲ ಆ ಪ್ರಶ್ನೆಯಲ್ಲಿ, ನಿಜವಾಗಿಯೂ ತಿಳಿಯಬೇಕಿತ್ತು ಅವಳಿಗೆ. ಆದರೂ ಉತ್ತರಕ್ಕೆ ಕಾಯದೆ ಸ್ಕೀ ಕಳಚಿ ಹೆಗಲಿಗೇರಿಸಿಕೊಂಡು, ಪಕ್ಕದ ಎತ್ತರದ ದಿಬ್ಬ ಹತ್ತಲು ಹೊರಟಳು.