ಹನ್ನೊಂದು ದಿನದ ಮಳೆ

ಮೂರನೇ ಕ್ಲಾಸಿನ ಕೊನೆಯ ಬೆಂಚನ್ನು ಜವಾನ ಬಾಗಿಲಿನಿಂದ ಓರೆಯಾಗಿ ಹೊರಗೆಳೆಯುತ್ತಿದ್ದಾಗ ಹೆಡ್ ಮೇಡಂ ಅಡ್ಡ ಬಂದು ನಿಂತರು. ಒಂದು ಕೈಯಲ್ಲಿ ತೊಟ್ಟಿಕ್ಕುವ ಕೊಡೆ, ಇನ್ನೊಂದರಲ್ಲಿ ಒಂದು ಕಾಗದ.

“ಇದಕ್ಕೆ ನೀವೊಂದು ಸಹಿ ಹಾಕ್ಬೇಕು.”

“ಏನ್ ಮೇಡಂ ಇದು?”

“ಹವಾಮಾನ ಕಚೇರಿಯವರದ್ದು. ಟೀಚರ್ ಬರೆಸಿದ ಮಳೆ ಪುಸ್ತಕ ಅಷ್ಟನ್ನೂ ಅವರ ದಾಖಲೆಗೆ ಸೇರಿಸ್ಕೊಳ್ತಾರಂತೆ. ಇಪ್ಪತ್ತಾರು ವರ್ಷ, ಒಂದು ದಿನ ತಪ್ಪಿಲ್ಲ, ಸುಮ್ನೆ ಮಾತಾ? ಇವತ್ತು ಎಲ್ಲರ ಮುಂದೆ ಕೊಟ್ಟುಬಿಡೋಣ. ಅವರ ಕಡೆಯವರೊಬ್ಬರು ಬರ್ತಿದ್ದಾರೆ. ಶಾಲೆ ದಿನದ್ದಕ್ಕೆ ನಾನು ಸಹಿ ಹಾಕ್ತೀನಿ. ರಜೆ ದಿನದ್ದೆಲ್ಲ ನೀವು ನೋಡಿದ್ದು ತಾನೆ.”

ಕಾಗದದ ನಡುವೆ ಒಂದು ಸಾಲು ದಪ್ಪಕ್ಷರದಲ್ಲಿತ್ತು: ‘ಪ್ರತಿ ದಿನವೂ ಸ್ವತಃ ನೋಡಿ ಬರೆದದ್ದು.’ ಜವಾನ ಅದನ್ನು ಮೂರು ಸಲ ಓದಿದ.

“ಕೈ ಒದ್ದೆಯಾಗಿದೆ ಮೇಡಂ. ಆಮೇಲೆ ಹಾಕ್ತೀನಿ.”

“ಎಲ್ಲರ ಮುಂದೇನೇ ಹಾಕಿ ಬಿಡಿ, ಇನ್ನೂ ಚೆನ್ನಾಗಿರುತ್ತೆ,” ಎಂದು ಕಾಗದವನ್ನು ಮೇಜಿನ ಮೇಲಿಟ್ಟು ಹೆಡ್ ಮೇಡಂ ಹೂವಿನವನನ್ನು ಗದರಿಸಲು ಹೋದರು.

ಟೀಚರ್ ಮೊನ್ನೆ ಸಂಜೆ ಇದೇ ಕ್ಲಾಸಿಗೆ ಬೀಗ ಹಾಕಿ ಮನೆಗೆ ಹೋದವರು ನಿನ್ನೆ ಬೆಳಗ್ಗೆ ಏಳಲಿಲ್ಲ. ನಿವೃತ್ತಿಗೆ ಇನ್ನು ಏಳು ತಿಂಗಳಿತ್ತು. ಹೂಳುವ ಮೊದಲು ಒಂದು ಗಂಟೆಯಾದರೂ ಅಮ್ಮನನ್ನು ಅವರ ಕ್ಲಾಸಿನಲ್ಲಿ ಇಡಿ ಎಂದು ಮಗಳು ಕೇಳಿಕೊಂಡಿದ್ದಳು. ಅದಕ್ಕೇ ಬೆಂಚುಗಳೆಲ್ಲ ಅಂಗಳದ ಸೂರಿನಡಿ ಸೇರಿದ್ದವು. ಊರೆಲ್ಲ ಅವರನ್ನು ಮಳೆ ಟೀಚರ್ ಎಂದೇ ಕರೆಯುತ್ತಿತ್ತು. ಅಂಗಳದ ಮೂಲೆಯ ಕಲ್ಲುಕಂಬದ ಮೇಲೆ ಲಾಳಿಕೆ ಸಿಕ್ಕಿಸಿದ ಒಂದು ಗಾಜಿನ ಸೀಸೆ. ದಿನಾ ಬೆಳಗ್ಗೆ ಒಂಬತ್ತಕ್ಕೆ ಇಬ್ಬರು ಮಕ್ಕಳು ಅದರ ನೀರನ್ನು ಅಳತೆಯ ಕೊಳವೆಗೆ ಸುರಿದು, ಎಷ್ಟು ಮಿಲಿಮೀಟರ್ ಎಂದು ಪುಸ್ತಕದಲ್ಲಿ ಬರೆಯಬೇಕು. ಒಮ್ಮೆ ಯಾರೋ ‘ಸುಮಾರು ಎಂಟು’ ಎಂದು ಬರೆದರೆಂದು ಟೀಚರ್ ಇಡೀ ಕ್ಲಾಸನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು, ಸುಮಾರು ಎನ್ನುವ ಮಳೆ ಯಾವ ಮೋಡದಿಂದ ಬೀಳುತ್ತದೆ ತೋರಿಸಿ ಎಂದು ಕೇಳಿದ್ದರು. ಮಕ್ಕಳು ಕತ್ತು ನೋಯುವವರೆಗೆ ಆಕಾಶ ನೋಡಿದ್ದರು.

ಖಾಲಿಯಾದ ಕ್ಲಾಸಿನಲ್ಲಿ ಜವಾನ ಕಸಬರಿಗೆ ಹಿಡಿದು ನಿಂತ. ಕಿಟಕಿಯ ಕಟ್ಟೆಯ ಮೇಲೆ ಒದ್ದೆ ಹತ್ತಿಯಲ್ಲಿ ಹುರುಳಿ ಮೊಳಕೆ ಒಡೆದಿತ್ತು. ಪ್ರತಿ ಲೋಟದ ಮೇಲೂ ಒಂದೊಂದು ಮಗುವಿನ ಹೆಸರು. ಗೋಡೆಯ ತುಂಬ ನೀಲಿ ಕಾಗದದ ಪಟ್ಟಿಗಳು. ಹಳೆಯ ಪುಸ್ತಕಗಳಿಂದ ಆರು ತಿಂಗಳ ಮಳೆಯನ್ನು ಆರಿಸಿ, ಎಷ್ಟು ಮಳೆಯೋ ಅಷ್ಟುದ್ದದ ಪಟ್ಟಿ ಕತ್ತರಿಸಿ ಮಕ್ಕಳು ಸಾಲಾಗಿ ಅಂಟಿಸಿದ್ದರು. ಪಟ್ಟಿಗಳು ಒಂದು ಗೇಣುದ್ದ, ಒಂದು ಬೆರಳುದ್ದ, ನಡುನಡುವೆ ಖಾಲಿ. ಆದರೆ ನಾಲ್ಕನೇ ಸಾಲಿನಲ್ಲಿ ಹನ್ನೊಂದು ಪಟ್ಟಿಗಳು ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಭುಜಕ್ಕೆ ಭುಜ ತಾಗಿಸಿ ನಿಂತಿದ್ದವು. ಮುನ್ನೂರು ತಿಂಗಳಿನಲ್ಲಿ ಈ ತಿಂಗಳೇ ಯಾಕೆ ಸಿಕ್ಕಿತು ಇವರಿಗೆ? ಹೋದ ವರ್ಷವೂ ಸಿಕ್ಕಿತ್ತು, ಅದರ ಹಿಂದಿನ ವರ್ಷವೂ. ಮಕ್ಕಳು ಕಣ್ಣುಮುಚ್ಚಿ ಆರಿಸಿದ್ದಿರಬೇಕು ಎಂದು ಪ್ರತಿ ಸಲವೂ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

“ಏನ್ರೀ, ಗುಡಿಸೋದು ಬಿಟ್ಟು ಗೋಡೆ ನೋಡ್ತಾ ನಿಂತಿದ್ದೀರ?” ಅವನ ಹೆಂಡತಿ ನೀರಿನ ಕೊಡ ಹೊತ್ತು ಒಳಗೆ ಬಂದಳು. ಅವನು ಕಾಗದ ತೋರಿಸಿದ. ಅವಳು ಓದಿ, ಕೊಡವನ್ನು ಮೆಲ್ಲಗೆ ಕೆಳಗಿಟ್ಟಳು.

“ಹಾಕಿಬಿಡಿ.”

“ಹೇಗೆ ಹಾಕ್ಲೇ?”

“ಪೆನ್ನಿಂದ. ಹದಿನಾಲ್ಕು ವರ್ಷದಿಂದ ಯಾರಿಗೂ ಗೊತ್ತಾಗಿಲ್ಲ. ಇವತ್ತು ಆ ತಾಯಿ ಮಲಗಿರೋ ಹೊತ್ತಲ್ಲಿ ನೀವು ಬಾಯಿ ಬಿಟ್ರೆ ಮಣ್ಣಾಗೋದು ಯಾರ ಹೆಸರು? ನಿಮ್ಮದಲ್ಲ, ಅವರದ್ದು. ಯೋಚನೆ ಮಾಡಿ.”

ಅವನು ಯೋಚಿಸಿದ. ಅವಳು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಅದಕ್ಕೇ ಇನ್ನಷ್ಟು ಸಂಕಟವಾಯಿತು.

*

ಆ ವರ್ಷ ನಡುರಜೆಯ ಎರಡನೇ ದಿನ ಹೆಂಡತಿ ಹೊಟ್ಟೆ ಹಿಡಿದುಕೊಂಡು ಕುಸಿದಿದ್ದಳು. ಆಸ್ಪತ್ರೆ, ಆಪರೇಷನ್, ಮಂಚದ ಪಕ್ಕದ ಕಬ್ಬಿಣದ ಸ್ಟೂಲು. ಹನ್ನೊಂದು ದಿನ ಅವನು ಆ ಸ್ಟೂಲು ಬಿಟ್ಟು ಏಳಲಿಲ್ಲ. ಕಿಟಕಿಯ ಹೊರಗೆ ಒಂದು ದಿನ ಧೋ ಎಂದು ಸುರಿದದ್ದು ನೆನಪಿದೆ. ಯಾವ ದಿನ ಎಂದು ಕೇಳಿದರೆ ಗೊತ್ತಿಲ್ಲ.

ಹನ್ನೆರಡನೇ ದಿನ ಬೆಳಗ್ಗೆ, ಒಂಬತ್ತು ಹೊಡೆಯುವ ಮೊದಲೇ, ಬಟ್ಟೆ ಬದಲಿಸಲು ಶಾಲೆಯ ಹಿಂದಿನ ತನ್ನ ಕೋಣೆಗೆ ಓಡಿ ಬಂದಾಗ ಮೊಳೆಗೆ ನೇತುಹಾಕಿದ್ದ ಪುಸ್ತಕ ಕಣ್ಣಿಗೆ ಬಿತ್ತು. ಸಾಲಾಗಿ ಹನ್ನೊಂದು ಖಾಲಿ ಮನೆಗಳು. ನಾಳೆ ಶಾಲೆ. ಟೀಚರ್ ಬಂದ ಕೂಡಲೇ ಕೇಳುವುದು ಇದನ್ನೇ. ಅಂಗಳಕ್ಕೆ ಹೋಗಿ ಸೀಸೆ ಇಳಿಸಿದ. ಕುತ್ತಿಗೆಯ ತನಕ ನೀರು. ಒಂದು ಹನಿ ಚೆಲ್ಲದಂತೆ ಅಳೆದ. ಅರವತ್ತಾರು ಮಿಲಿಮೀಟರ್.

ಅವನು ಕೆಟ್ಟ ಮನುಷ್ಯನಲ್ಲ. ಮನಸ್ಸಿಗೆ ಬಂದದ್ದು ಗೀಚಲು ಅವನಿಗೆ ಕೈಬರಲಿಲ್ಲ. ಮೆಟ್ಟಿಲ ಮೇಲೆ ಕೂತು ಅರವತ್ತಾರನ್ನು ಹನ್ನೊಂದರಿಂದ ಭಾಗಿಸಿದ. ಆರು ಬಂತು, ಶೇಷ ಸೊನ್ನೆ. ಎಲ್ಲವೂ ಆರಾದರೆ ಚೆನ್ನಾಗಿರುವುದಿಲ್ಲವೆಂದು ಇಲ್ಲೊಂದು ತೆಗೆದು ಅಲ್ಲೊಂದು ಸೇರಿಸಿದ. ಐದು, ಏಳು, ಆರು, ಆರು, ಐದು, ಏಳು, ಆರು, ಐದು, ಏಳು, ಆರು, ಆರು. ಕೂಡಿ ನೋಡಿದ. ಸರಿಯಾಗಿ ಅರವತ್ತಾರು. ಬಿದ್ದ ಮಳೆಯಲ್ಲಿ ಒಂದು ಹನಿಯೂ ಹೆಚ್ಚಿಲ್ಲ, ಕಡಿಮೆಯಿಲ್ಲ ಎಂದು ಆ ಗಡಿಬಿಡಿಯಲ್ಲೂ ಒಂದಿಷ್ಟು ನೆಮ್ಮದಿಯಾಯಿತು.

ಮಾರನೆಯ ದಿನ ಟೀಚರ್ ಪುಸ್ತಕ ತೆರೆದು ಆ ಪುಟವನ್ನು ಬಹಳ ಹೊತ್ತು ನೋಡಿದರು. ಅವನು ಗಂಟೆಯ ಹಗ್ಗ ಹಿಡಿದು ನಿಂತಿದ್ದ. ಅವರು ಪುಸ್ತಕ ಮುಚ್ಚಿ ಕೇಳಿದ್ದು ಬೇರೆ ಮಾತು: “ಮನೆಯವರು ಹೇಗಿದ್ದಾರೆ ಈಗ?”

“ಪರವಾಗಿಲ್ಲ ಟೀಚರ್.”

“ಏನಾದ್ರೂ ಹೇಳ್ಬೇಕು ಅನ್ಸಿದ್ರೆ ಯಾವತ್ತಾದ್ರೂ ಹೇಳಿ,” ಎಂದು ಕ್ಲಾಸಿಗೆ ಹೋದರು. ಹೆಂಡತಿಯ ಔಷಧಿ, ರಜೆಯ ವಿಚಾರ ಕೇಳಿದರೆಂದು ಅವನು ತಿಳಿದುಕೊಂಡ. ಹಾಗೆಂದು ತಿಳಿದುಕೊಳ್ಳುವುದು ಸುಲಭವಿತ್ತು.

*

ಒಂಬತ್ತಕ್ಕೆ ಸರಿಯಾಗಿ ಗಾಡಿ ಬಂತು. ಜವಾನನೂ ಗಾಡಿಯ ಡ್ರೈವರೂ ಇನ್ನಿಬ್ಬರೂ ಪೆಟ್ಟಿಗೆಗೆ ಹೆಗಲು ಕೊಟ್ಟು, ಬಾಗಿಲ ಬಳಿ ಓರೆ ಮಾಡಿ, ಒಳಗೆ ತಂದು ಇಳಿಸಿದರು. ಡ್ರೈವರ್ ಇದೇ ಶಾಲೆಯ ಹುಡುಗ, ಈಗ ಮೀಸೆ ಬಂದಿದೆ. ಪೆಟ್ಟಿಗೆ ಇಳಿಸಿದವನು ನೇರ ಗೋಡೆಯ ನಾಲ್ಕನೇ ಸಾಲನ್ನು ನೋಡಿದ. ಆಮೇಲೆ ಜವಾನನನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿಕೊಂಡ.

ಕ್ಲಾಸು ತುಂಬಿತು. ಹವಾಮಾನ ಕಚೇರಿಯ ಅಧಿಕಾರಿಯೂ ಬಂದರು, ದಪ್ಪ ಕನ್ನಡಕದ ವಯಸ್ಸಾದ ಹೆಂಗಸು. ಹೆಡ್ ಮೇಡಂ ಅವರಿಗೆ ಕಾಗದ ತೋರಿಸಿ, “ಟೀಚರ್ ಇದ್ದಾಗ್ಲೇ ಮುಗೀಬೇಕಿತ್ತು. ಮೂರು ತಿಂಗಳಿಂದ ಹೇಳಿ ಹೇಳಿ ಸಾಕಾಯ್ತು, ಸಹಿಯೊಂದು ಹಾಕ್ಲಿಲ್ಲ ನೋಡಿ,” ಎಂದರು.

ಟೀಚರ್ ಮಗಳು ಪೆಟ್ಟಿಗೆಯ ತಲೆಯ ಕಡೆ ಕೂತಿದ್ದಳು. ಅತ್ತು ಅತ್ತು ದನಿ ಕಟ್ಟಿತ್ತು. “ಅಮ್ಮನ್ನ ನಾನೂ ಕೇಳಿದ್ದೆ ಮೇಡಂ. ನಾನೊಬ್ಬಳೇ ಹಾಕೋ ಸಹಿ ಅಲ್ಲ, ಇನ್ನೊಬ್ರು ಒಂದು ಮಾತು ಹೇಳೋದಿದೆ, ಕಾಯ್ತಿದ್ದೀನಿ ಅಂದ್ರು. ಯಾರು ಅಂತ ಹೇಳ್ಲಿಲ್ಲ.”

ಜವಾನ ಒಂದು ಹೆಜ್ಜೆ ಹಿಂದೆ ಸರಿದ. ಬಾಗಿಲ ಚೌಕಟ್ಟು ಹಿಡಿದುಕೊಂಡ. ಹಾಗಾದರೆ ಗೊತ್ತಿತ್ತು. ಹದಿನಾಲ್ಕು ವರ್ಷ ದಿನಾ ಎದುರಿಗೆ ಸಿಕ್ಕು, ಸೀಮೆಸುಣ್ಣ ಕೇಳಿ, ಚಹಾ ಹಂಚಿಕೊಂಡು, ಒಂದು ದಿನವೂ ಎತ್ತಿ ಆಡದೆ ಕಾಯುತ್ತಲೇ ಇದ್ದರು. ಮೊನ್ನೆ ಸಂಜೆ ಬೀಗದ ಕೈ ಕೊಡುವಾಗಲೂ ಒಂದು ಗಳಿಗೆ ಸುಮ್ಮನೆ ನಿಂತಿದ್ದರಲ್ಲ, ಅದು ಅದೇ ಇರಬೇಕು. ಅವನು ‘ಹುಷಾರಾಗಿ ಹೋಗಿ ಟೀಚರ್, ಜಾರುತ್ತೆ’ ಎಂದು ಕಳಿಸಿಬಿಟ್ಟಿದ್ದ.

ಹೆಡ್ ಮೇಡಂ ಮಾತು ಶುರು ಮಾಡಿದರು. “...ಬಿಸಿಲಿರಲಿ ಮಳೆಯಿರಲಿ, ಒಂದೇ ಒಂದು ದಿನ ತಪ್ಪದೆ...” ಪ್ರತಿ ಸಲ ‘ಒಂದೇ ಒಂದು ದಿನ’ ಎಂದಾಗಲೂ ಹೆಂಡತಿ ಅವನ ತೋಳನ್ನು ಮೆಲ್ಲಗೆ ಅದುಮುತ್ತಿದ್ದಳು, ಸುಮ್ಮನಿರಿ ಎಂದು. ಕೊನೆಗೆ ಪೆನ್ನು ಅವನ ಕೈಗೆ ಬಂತು. ಕಾಗದ ಮೇಜಿನ ಮೇಲೆ. ಮೇಜಿನ ಪಕ್ಕದಲ್ಲೇ ಪೆಟ್ಟಿಗೆ. ಟೀಚರ್ ಮುಖ ಪುಸ್ತಕ ತಿದ್ದುವಾಗ ಇರುವಂತೆಯೇ ಇತ್ತು, ತುಟಿ ಸ್ವಲ್ಪ ಬಿಗಿದು.

ಅವನು ಪೆನ್ನಿನ ಮುಚ್ಚಳ ತೆಗೆದ. ಮತ್ತೆ ಹಾಕಿದ.

“ಹನ್ನೊಂದು ದಿನ ನಾನು ನೋಡಿಲ್ಲ,” ಎಂದ.

“ಏನಂದ್ರಿ?” ಹೆಡ್ ಮೇಡಂ.

“ಹದಿನಾಲ್ಕು ವರ್ಷದ ಹಿಂದೆ. ಇವಳು ಆಸ್ಪತ್ರೆಯಲ್ಲಿದ್ಲು. ಸೀಸೆಯಲ್ಲಿ ಇದ್ದಷ್ಟು ನೀರನ್ನ ಭಾಗ ಮಾಡಿ ಬರೆದುಬಿಟ್ಟೆ. ತಪ್ಪು ನನ್ನದು, ಟೀಚರ್‌ದಲ್ಲ. ಅವರ ಪುಸ್ತಕ ನಾನು ಕೆಡಿಸ್ದೆ.”

ಹೆಂಡತಿ ತೋಳು ಬಿಟ್ಟಳು. ಹೆಡ್ ಮೇಡಂ ಮುಖ ಬಿಳಿಚಿಕೊಂಡಿತು. ಈ ಹೊತ್ತಿಗೇ ಬೇಕಿತ್ತಾ ಇದು ಎಂದು ಹಿಂದಿನಿಂದ ಯಾರೋ ಗೊಣಗಿದರು. ಜವಾನ ತಲೆ ತಗ್ಗಿಸಿ, ಬೈಗುಳ ಬೀಳಲೆಂದು ಕಾಯುತ್ತ ನಿಂತ.

“ಅದು ಬೇಲಿ ಪುಟ,” ಎಂದಿತು ಒಂದು ಸಣ್ಣ ದನಿ.

ಮುಂದಿನ ಸಾಲಿನಲ್ಲಿ ಕೂತಿದ್ದ ಎರಡು ಜಡೆಯ ಹುಡುಗಿ. ಈ ವಾರ ಮಳೆ ಅಳೆಯುವ ಸರದಿ ಅವಳದು. ಮಳೆ ಪುಸ್ತಕ ಎದೆಗವಚಿಕೊಂಡೇ ಬಂದಿದ್ದಳು. ಎದ್ದು ಗೋಡೆಯ ನಾಲ್ಕನೇ ಸಾಲಿಗೆ ಬೆರಳು ತೋರಿಸಿದಳು. “ನೋಡಿ, ಬೇಲಿ ಥರ ಇದೆ. ಮಳೆ ಹೀಗೆ ಸಮ ಹಂಚ್ಕೊಂಡು ಬರಲ್ಲ ಮಾಮ. ನಮಗೆಲ್ಲ ಗೊತ್ತಿತ್ತು.”

“ಗೊತ್ತಿತ್ತಾ?”

“ಯಾರೂ ಆಕಾಶ ನೋಡದ ಪುಟ ಯಾವುದು, ಹುಡುಕಿ ಅಂತ ಟೀಚರ್ ಪ್ರತಿ ವರ್ಷ ಆರು ಪುಟ ಕೊಡ್ತಾರಲ್ಲ. ಮೊದಲು ಪಟ್ಟಿ ಕತ್ತರಿಸ್ಬೇಕು. ಸಿಕ್ಕಿದ ಮೇಲೆ, ದಿನಾ ನೋಡೋರು ಆ ದಿನ ಯಾಕೆ ನೋಡ್ಲಿಲ್ಲ ಅಂತ ಒಂದು ಸಾಲು ಬರೀಬೇಕು.”

“ನಮ್ಮ ವರ್ಷಾನೂ ಮಾಡಿದ್ವಿ,” ಎಂದ ಬಾಗಿಲಲ್ಲಿ ನಿಂತಿದ್ದ ಡ್ರೈವರ್, ನೆಲ ನೋಡುತ್ತ. “ಕೊಡೆ ಕಳ್ದೋಗಿತ್ತು ಅಂತ ಬರೆದಿದ್ದೆ ನಾನು.”

“ನಾನು ಜ್ವರ ಅಂತ,” ಎಂದಳು ಕಿಟಕಿಯ ಬಳಿಯ ಕಾಲೇಜು ಹುಡುಗಿ.

“ನಾನು ಮನೇಲಿ ಯಾರಿಗೋ ಹುಷಾರಿಲ್ಲ ಅಂತ ಬರೆದೆ,” ಎಂದಳು ಎರಡು ಜಡೆಯವಳು. “ಟೀಚರ್ ಅದಕ್ಕೆ ಸರಿ ಗುರುತೂ ಹಾಕ್ಲಿಲ್ಲ, ತಪ್ಪು ಗುರುತೂ ಹಾಕ್ಲಿಲ್ಲ. ಅವರಾಗೇ ಹೇಳೋ ತನಕ ಮಾಮನ್ನ ಯಾರೂ ಕೇಳ್ಬಾರ್ದು ಅಂದಿದ್ರು.”

ಹದಿನಾಲ್ಕು ವರ್ಷದ ಮಕ್ಕಳು. ದಿನಾ ಗಂಟೆ ಬಾರಿಸುವಾಗ ‘ಮಾಮ, ಇನ್ನೊಂದ್ಸಲ’ ಎಂದು ಕಾಡಿದವರು, ಹಗ್ಗಕ್ಕೆ ಜೋತುಬಿದ್ದವರು, ಬೀದಿಯಲ್ಲಿ ಕಂಡಾಗ ಸೈಕಲ್ ನಿಲ್ಲಿಸಿ ಮಾತಾಡಿಸಿದವರು. ಅಷ್ಟೂ ಜನ ಬಾಯಿಗೆ ಬೀಗ ಹಾಕಿಕೊಂಡು ಅವನ ಮುಂದೆ ಓಡಾಡಿದ್ದರು. ಜವಾನ ಅಲ್ಲೇ ಮೇಜಿಗೆ ಒರಗಿ, ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತ. ಹೆಂಡತಿ ಸೆರಗು ಬಾಯಿಗೊತ್ತಿಕೊಂಡಳು.

ಕನ್ನಡಕದ ಅಧಿಕಾರಿ ಎದ್ದು ಗೋಡೆಯ ಹತ್ತಿರ ಹೋಗಿ ಪಟ್ಟಿಗಳನ್ನು ಒಂದೊಂದಾಗಿ ನೋಡಿದರು. ವಾಪಸು ಬಂದು ಕಾಗದದ ಮೇಲೆ ಬಗ್ಗಿದರು. “ನೋಡದ ದಿನ ನಮ್ಮ ಕಚೇರಿಯ ಪುಸ್ತಕದಲ್ಲೂ ಇವೆ. ಅಲ್ಲಿ ಗೀಟು ಹಾಕಿ, ಒಟ್ಟು ಎಷ್ಟು ಅಂತ ಕೆಳಗೆ ಬರೀತೀವಿ. ಒಟ್ಟು ಎಷ್ಟಿತ್ತು, ನೆನಪಿದೆಯಾ?”

“ಅರವತ್ತಾರು,” ಎಂದ ಅವನು. ಆ ಮಾತಿಗೆ ಯೋಚಿಸಬೇಕಾಗಲಿಲ್ಲ.

ಅವರು ‘ಪ್ರತಿ ದಿನವೂ’ ಎಂಬುದನ್ನು ಹೊಡೆದು, ‘ಹನ್ನೊಂದು ದಿನ ಬಿಟ್ಟು ಉಳಿದ ದಿನವೆಲ್ಲ’ ಎಂದು ಬರೆದು ಕಾಗದವನ್ನು ಅವನತ್ತ ತಿರುಗಿಸಿದರು. ಅವನು ಸಹಿ ಹಾಕಿದ. ಹೆಡ್ ಮೇಡಂ ಇನ್ನೂ ಏನೋ ಹೇಳುವವರಿದ್ದರು, ಟೀಚರ್ ಮಗಳ ಮುಖ ನೋಡಿ ಸುಮ್ಮನಾದರು. ಆ ಮುಖದಲ್ಲಿ ನಿನ್ನೆಯಿಂದ ಮೊದಲ ಬಾರಿಗೆ ಸ್ವಲ್ಪ ನಗು ಇತ್ತು.

ಪೆಟ್ಟಿಗೆ ಗಾಡಿಗೆ ಏರಿದಾಗ ಹನ್ನೊಂದು ಗಂಟೆ. ಜಿನುಗುತ್ತಿದ್ದ ಮಳೆ ನಿಂತಿತ್ತು. ಹುಡುಗಿ ಅಂಗಳದ ಮೂಲೆಯ ಕಂಬದ ಬಳಿ ಪುಸ್ತಕ ಬಿಡಿಸಿ, ಪೆನ್ಸಿಲ್ ಹಿಡಿದು ಕಾಯುತ್ತಿದ್ದಳು. ಅವಳಿಗೆ ಅಳು ಈಗ ಬರಲು ಶುರುವಾಗಿತ್ತು.

“ಮಾಮ, ಇವತ್ತಿನದ್ದು?”

“ಒಂಬತ್ತಕ್ಕೆ ಯಾರಾದ್ರೂ ನೋಡಿದ್ರಾ?”

“ಇಲ್ಲ. ಟೀಚರ್ ಗಾಡಿ ಬಂತಲ್ಲ, ಎಲ್ಲ ಅಲ್ಲೇ ಇದ್ವಿ.” ಮೂಗು ಒರೆಸಿಕೊಂಡು ಸೀಸೆಯತ್ತ ನೋಡಿದಳು. “ನೀರಿದೆ. ಒಂಬತ್ತರ ತನಕದ್ದು ಎಷ್ಟು, ಆಮೇಲಿಂದು ಎಷ್ಟು ಅಂತ ಲೆಕ್ಕ ಹಾಕಿದ್ರೆ ಬರುತ್ತೇನೋ.”

ಜವಾನ ಲಾಳಿಕೆ ತೆಗೆದು ಸೀಸೆಯನ್ನು ಕೈಗೆತ್ತಿಕೊಂಡ. ಎರಡು ಬೆರಳಿನಷ್ಟು ನೀರಿತ್ತು, ತಿಳಿಯಾಗಿತ್ತು. ಅದನ್ನು ಅಳತೆಯ ಕೊಳವೆಗೆ ಸುರಿಯದೆ, ಬೇಡವೆಂದು ತಲೆಯಾಡಿಸಿದ. ಹುಡುಗಿ ಕಂಬಕ್ಕೆ ಪುಸ್ತಕ ಒತ್ತಿಹಿಡಿದು, ಸ್ಕೇಲು ಇಟ್ಟು, ಆ ದಿನದ ಮನೆಯೊಳಗೆ ಒಂದು ನೇರವಾದ ಗೀಟು ಎಳೆದಳು.

ಗಾಡಿ ಹೊರಟಿತು. ಅವನು ಸೀಸೆಯನ್ನು ಬಗ್ಗಿಸಿ, ಅಳೆಯದೆ, ಅದರ ನೀರನ್ನೆಲ್ಲ ನೆಲಕ್ಕೆ ಸುರಿದ.