ಒಂಟಿ ಸಲಗದ ಸಹಿ

ಉದ್ದಣ್ಣನ ಮೇಲೆ ಸೇಡು ತೀರಿಸಿಕೊಳ್ಳಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಜಗಳವಾಡಿದ್ದರೆ ನಾಲ್ಕೇ ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಆಮೇಲೆ ಅವನು ತಪ್ಪಾಯ್ತು ಅನ್ನುತ್ತಿದ್ದ, ನಾನು ಹೋಗಲಿ ಬಿಡು ಅನ್ನಬೇಕಾಗುತ್ತಿತ್ತು. ಹೋಗಲಿ ಬಿಡು ಅನ್ನುವವರ ಪೈಕಿ ನಾನಲ್ಲ.

ಒಂದು ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ನಾವಿಬ್ಬರೂ ಹನ್ನೊಂದು ವರ್ಷ ಅಕ್ಕಪಕ್ಕ ಕೂತು ಗಾಜು ಉಜ್ಜಿದವರು. ಆಳು ತುಂಬ ಎತ್ತರ, ಅದಕ್ಕೇ ಅಂಗಡಿಯವರಿಗೆಲ್ಲ ಅವನು ಉದ್ದಣ್ಣ. ಒಂದು ಮಧ್ಯಾಹ್ನ ಮಗಳಿಗೆ ಜ್ವರ ಬಂದಿದೆಯೆಂದು ಶಾಲೆಯಿಂದ ನನಗೆ ಫೋನು ಬಂತು. ಮೇಜಿನ ಮೇಲೆ ಒಬ್ಬ ಸಂಗೀತದ ಮೇಷ್ಟ್ರ ಕನ್ನಡಕ ಅರ್ಧ ಕೆಲಸವಾಗಿ ಕೂತಿತ್ತು. ನೀನು ಹೊರಡು, ನಾನು ಮುಗಿಸ್ತೀನಿ ಎಂದ ಉದ್ದಣ್ಣ. ಮುಗಿಸಿದ. ಹತ್ತು ಡಿಗ್ರಿಗೆ ತಿರುಗಿಸಿ ಕೂರಿಸಬೇಕಾದ ಗಾಜನ್ನು ನೂರು ಡಿಗ್ರಿಗೆ ಕೂರಿಸಿದ. ಮೇಷ್ಟ್ರು ಅದನ್ನು ಹಾಕಿಕೊಂಡು ಮನೆಯ ಮೆಟ್ಟಿಲು ಇಳಿಯುವಾಗ ಮುಗ್ಗರಿಸಿ ಮಣಿಕಟ್ಟು ಮುರಿದುಕೊಂಡರು. ಕೆಲಸದ ಚೀಟಿಯ ಮೇಲಿದ್ದದ್ದು ನನ್ನ ಸಹಿ. ಯಜಮಾನರು ಇಬ್ಬರನ್ನೂ ಎದುರಿಗೆ ನಿಲ್ಲಿಸಿ ಕೇಳಿದಾಗ ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಉದ್ದಣ್ಣ ನೆಲ ನೋಡಿಕೊಂಡು, "ನಂಗೆ ನೆನಪಿಲ್ಲ ಸಾರ್" ಎಂದ.

ಅವತ್ತಿನಿಂದ ನಾನು ಯಂತ್ರ ಮುಟ್ಟುವ ಹಾಗಿಲ್ಲ. ಮುಂದಿನ ಕೌಂಟರಿನಲ್ಲಿ ನಿಂತು ಫ್ರೇಮು ಒರೆಸುವುದು, ಡಬ್ಬಿಗೆ ಹಾಕುವುದು, ಬಂದವರಿಗೆ ಕನ್ನಡಿ ಹಿಡಿಯುವುದು. ಹನ್ನೊಂದು ವರ್ಷದ ಕೈ ಅದು. ರಾತ್ರಿ ಹಾಸಿಗೆಯಲ್ಲೂ ಬೆರಳು ಗಾಜು ಹುಡುಕುತ್ತಿದ್ದವು. ಅಂಥವನ ಜೊತೆ ಇನ್ನೂ ಬೆಟ್ಟ ಸುತ್ತಲು ಹೋಗುತ್ತೀರಲ್ಲ, ಮೈಯಲ್ಲಿ ರಕ್ತ ಇದೆಯೋ ನೀರಿದೆಯೋ ಎಂದು ಹೆಂಡತಿ ಕೇಳಿದಳು. ಹೋಗದಿದ್ದರೆ ಅವನು ನನ್ನ ಕೈಗೆ ಸಿಗುವುದು ಹೇಗೆ ಎಂದು ಅವಳಿಗೆ ನಾನು ಹೇಳಲಿಲ್ಲ.

ಬೆಟ್ಟ ಸುತ್ತುವುದೆಂದರೆ ನಮ್ಮ ಪೆಟ್ಟಿಗೆ ಆಟ. ಯಾರೋ ಎಲ್ಲೋ ಒಂದು ಸಣ್ಣ ಪೆಟ್ಟಿಗೆ ಬಚ್ಚಿಟ್ಟು ಆ ಜಾಗದ ಅಕ್ಷಾಂಶ ರೇಖಾಂಶದ ಅಂಕಿಗಳನ್ನು ಇಂಟರ್ನೆಟ್ಟಿಗೆ ಹಾಕುತ್ತಾರೆ. ಉಳಿದವರು ಫೋನು ಹಿಡಿದುಕೊಂಡು ಹುಡುಕಬೇಕು, ಸಿಕ್ಕರೆ ಒಳಗಿನ ಪುಸ್ತಕದಲ್ಲಿ ಸಹಿ ಹಾಕಿ ಪೆಟ್ಟಿಗೆಯನ್ನು ಇದ್ದಲ್ಲೇ ಇಡಬೇಕು. ಸಹಿ ಇಲ್ಲದಿದ್ದರೆ ಸಿಕ್ಕಿದ್ದು ಲೆಕ್ಕಕ್ಕಿಲ್ಲ. ಉದ್ದಣ್ಣನಿಗೆ ಇದರ ಹುಚ್ಚು. ಚಳಿಗಾಲ ಬರುವ ಹೊತ್ತಿಗೆ ಅವನ ಲೆಕ್ಕ ಇನ್ನೂರ ತೊಂಬತ್ತೊಂಬತ್ತಕ್ಕೆ ಬಂದು ನಿಂತಿತ್ತು. ಮುನ್ನೂರನೆಯದು ಯಾವುದೋ ಪಾರ್ಕಿನ ಬೆಂಚಿನಡಿ ಸಿಗಬಾರದು, ಬೆಟ್ಟದ ಮೇಲೇ ಆಗಬೇಕು ಎಂದು ಹಟ ಹಿಡಿದಿದ್ದ.

ಬೆಟ್ಟದ ಮೇಲೆ ಪೆಟ್ಟಿಗೆ ಇಟ್ಟವನು ನಾನು. ಬೇರೊಂದು ಹೆಸರಿನಲ್ಲಿ ಖಾತೆ ತೆರೆದು, ಒಬ್ಬನೇ ಹತ್ತಿ, ತುದಿಯ ಬಂಡೆಯ ಸಂದಿಯಲ್ಲಿ ಇಟ್ಟು ಬಂದಿದ್ದೆ. ಪುಸ್ತಕದ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೆ: ಸಂಗೀತದ ಮೇಷ್ಟ್ರ ಕನ್ನಡಕ ಕೆಡಿಸಿದವನು ನಾನು. ಬೈಸಿಕೊಂಡವನು ಬೇರೆ. ಕೆಳಗೆ ಸಹಿಗೆ ಒಂದು ಗೆರೆ. ಸಹಿ ಬಿದ್ದ ಹಾಳೆ ನೇರ ಯಜಮಾನರ ಮೇಜಿಗೆ. ಮುನ್ನೂರು ಬೇಕಾದರೆ ತಪ್ಪು ಒಪ್ಪಿಕೊಂಡು ಸಹಿ ಹಾಕು, ಇಲ್ಲದಿದ್ದರೆ ಬರಿಗೈಯಲ್ಲಿ ಇಳಿ. ಈ ಉಪಾಯ ಹೊಳೆದ ದಿನ ನಾನು ಎರಡು ತುತ್ತು ಹೆಚ್ಚು ಉಂಡಿದ್ದೆ.

ಭಾನುವಾರ ಬೆಳಿಗ್ಗೆ ಹತ್ತಲು ಶುರು ಮಾಡಿದೆವು. ಹುಲ್ಲಿನ ಮೇಲಿನ ಇಬ್ಬನಿ ಗಟ್ಟಿಯಾಗಿ ಬೂಟಿನಡಿ ಚುರುಚುರು ಅನ್ನುತ್ತಿತ್ತು. ಉದ್ದಣ್ಣ ದಾರಿಯುದ್ದಕ್ಕೂ ಮಾತು. ಈ ಪೆಟ್ಟಿಗೆ ಇಟ್ಟವನು ಭಾರಿ ತಲೆಯವನು, ಜಾಗ ಹುಡುಕಿ ಇಟ್ಟಿದ್ದಾನೆ ಎಂದು ಹೊಗಳಿದ. ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು. ಅರ್ಧ ಹತ್ತುವಷ್ಟರಲ್ಲಿ ಚಳಿಗೆ ಅವನ ಫೋನಿನ ಬ್ಯಾಟರಿ ಸತ್ತಿತು. ನನ್ನದನ್ನು ನಾನು ಅಂಗಿಯೊಳಗೆ ಎದೆಗೆ ಒತ್ತಿಕೊಂಡು ಬೆಚ್ಚಗಿಟ್ಟಿದ್ದೆ.

ತುದಿಯಲ್ಲಿ ಅವನು ಮೊಣಕಾಲೂರಿ ಬಂಡೆಯ ಸಂದಿಗೆ ಕೈ ತೂರಿಸಿ ಪೆಟ್ಟಿಗೆ ಎಳೆದ. ಮುಚ್ಚಳ ತೆಗೆದು ಪುಸ್ತಕ ಬಿಚ್ಚಿದ. ಓದಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ, ನಾಲ್ಕು ತಿಂಗಳು ಕಾದದ್ದು ಆ ಮುಖಕ್ಕೇ. ಕಿವಿ ಕೆಂಪಾಯಿತು, ತುಟಿ ಒಂದು ಸಲ ಅಲುಗಿತು. ಆಮೇಲೆ ಪೆನ್ಸಿಲ್ ತೆಗೆದು, ಗೆರೆಯ ಮೇಲೆ ಸಹಿ ಹಾಕಿ, ತಾರೀಖು ಬರೆದು, ಪುಸ್ತಕವನ್ನು ನನ್ನ ಕೈಗಿಟ್ಟ.

ಸಹಿಯ ಜಾಗದಲ್ಲಿ "ಒಂಟಿ ಸಲಗ" ಎಂದಿತ್ತು.

ಆಟದಲ್ಲಿ ಅವನ ಹೆಸರು ಅದು. ಒಬ್ಬನೇ ಒಂದು ಗುಡ್ಡವನ್ನೂ ಹತ್ತದವನು ಇಟ್ಟುಕೊಂಡ ಹೆಸರು. ಪುಸ್ತಕದಲ್ಲಿ ಯಾರೂ ಸ್ವಂತ ಹೆಸರು ಬರೆಯುವುದಿಲ್ಲ, ಎಲ್ಲರೂ ಆಟದ ಹೆಸರೇ. ಎಂಟು ವರ್ಷದಿಂದ ಆಡುತ್ತಿದ್ದ ನನಗೆ ಅದು ಗೊತ್ತಿರಲಿಲ್ಲವೆ? ಗೊತ್ತಿದ್ದೂ ಮರೆತಿದ್ದೆ. ಈ ಹಾಳೆ ಹಿಡಿದುಕೊಂಡು ಹೋದರೆ ಯಜಮಾನರು ನನ್ನನ್ನು ಹುಚ್ಚಾಸ್ಪತ್ರೆಗೆ ಸೇರಿಸುತ್ತಿದ್ದರು. ಮೈಯೆಲ್ಲ ಉರಿದುಹೋಯಿತು.

"ನಿಜವಾದ ಹೆಸರು ಬರಿ" ಎಂದೆ.

ಪೆಟ್ಟಿಗೆ ನಿನ್ನದು ಅಂತ ಅಕ್ಷರ ನೋಡಿದ ಕೂಡಲೇ ಗೊತ್ತಾಯಿತು ಎಂದ ಅವನು. ಹೇಳಬೇಕು ಅಂದುಕೊಂಡೇ ದಿನಾ ಅಂಗಡಿಗೆ ಬರುತ್ತೇನೆ, ನಿನ್ನನ್ನು ಕೌಂಟರಿನಲ್ಲಿ ನೋಡಿದರೆ ಗಂಟಲು ಕಟ್ಟುತ್ತದೆ ಎಂದ. ಗಂಟಲು ಕಟ್ಟಿದವನು ಬೆಳಿಗ್ಗೆಯಿಂದ ಬಾಯಿ ಮುಚ್ಚಿರಲಿಲ್ಲ. ಬರಿ ಎಂದೆ ಮತ್ತೆ. ಬರೆದರೆ ಕೆಲಸ ಹೋಗುತ್ತದೆ, ಈ ವಯಸ್ಸಿನಲ್ಲಿ ಇನ್ನೆಲ್ಲಿ ಹೋಗಲಿ ಎಂದ.

ಅಷ್ಟರಲ್ಲಿ ಕಣಿವೆಯಿಂದ ಮಂಜು ಎದ್ದು ಬಂದಿತ್ತು. ಹತ್ತು ಹೆಜ್ಜೆ ಆಚೆಯ ಪೊದೆ ಕಾಣುತ್ತಿರಲಿಲ್ಲ. ಇಳಿಯುವ ಕಾಲುದಾರಿ ಒಂದು ಕಡೆ ಪ್ರಪಾತ ಇಟ್ಟುಕೊಂಡೇ ಹೋಗುತ್ತದೆ. ದಾರಿ ತೋರಿಸುವ ಫೋನು ಇದ್ದದ್ದು ಒಂದೇ, ನನ್ನ ಎದೆಯ ಮೇಲೆ. ಇದನ್ನು ನಾನು ಮೊದಲೇ ಯೋಚಿಸಿರಲಿಲ್ಲ, ಆದರೆ ಯೋಚನೆ ಬಂದಾಗ ಬೇಡ ಅನ್ನಲೂ ಇಲ್ಲ.

"ಹಂಗಾದ್ರೆ ಇಲ್ಲೇ ಇರು" ಎಂದು ಪುಸ್ತಕವನ್ನು ಅವನ ಕಾಲ ಬುಡಕ್ಕೆ ಎಸೆದು ಇಳಿಯತೊಡಗಿದೆ.

ಅವನು ತಮಾಷೆ ಅಂದುಕೊಂಡ. ನಾನು ನಿಲ್ಲಲಿಲ್ಲ. ಒಮ್ಮೆ ಕರೆದ, ಎರಡು ಸಲ ಕರೆದ. ಮೂರನೆಯ ಸಲ ಅವನ ದನಿಯಲ್ಲಿ ನಡುಕ ಕೇಳಿಸಿತು. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು. ಇನ್ನೂ ಇಪ್ಪತ್ತು ಹೆಜ್ಜೆ ನಡೆದೆ. ಮೇಲೆಲ್ಲೋ ಕಲ್ಲೊಂದು ಜಾರಿ ಉರುಳಿತು, ಆಮೇಲೆ ಏನೂ ಕೇಳಿಸಲಿಲ್ಲ. ಆಗ ಮಾತ್ರ ತಿರುಗಿ ಹತ್ತಿದೆ. ಉದ್ದಣ್ಣ ದಾರಿಯ ಅಂಚಿನಲ್ಲಿ ಒಂದು ಕೈಯಲ್ಲಿ ಹುಲ್ಲು ಹಿಡಿದುಕೊಂಡು ಕುಕ್ಕರುಗಾಲಿನಲ್ಲಿ ಕೂತಿದ್ದ. ತೊಡೆಯ ಮೇಲೆ ಪುಸ್ತಕ ಬಿಚ್ಚಿಟ್ಟುಕೊಂಡು, ಅಪ್ಪ ಅಮ್ಮ ಇಟ್ಟ ಪೂರ್ತಿ ಹೆಸರನ್ನು ಸೊಟ್ಟ ಅಕ್ಷರದಲ್ಲಿ ಬರೆಯುತ್ತಿದ್ದ. ಹಾಳೆ ಹರಿದುಕೊಂಡೆ. ಬೆಟ್ಟ ಇಳಿಯುವವರೆಗೂ ಅವನು ನನ್ನ ಚೀಲದ ಪಟ್ಟಿ ಹಿಡಿದುಕೊಂಡೇ ಬಂದ.

ಸೋಮವಾರ ಅಂಗಡಿಯ ಬಾಗಿಲು ತೆಗೆಯುತ್ತಿದ್ದಂತೆ ಹಾಳೆಯನ್ನು ಯಜಮಾನರ ಮುಂದಿಟ್ಟೆ. ಅವರು ಎರಡು ಸಲ ಓದಿ ಉದ್ದಣ್ಣನನ್ನು ಕರೆಸಿದರು. ಅಕ್ಷರ ಯಾಕೆ ಹೀಗೆ ನಡುಗಿದೆ ಎಂದು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಏನಪ್ಪಾ, ನೀನೇನಾದ್ರೂ ಹೆದರಿಸಿ ಬರೆಸ್ಕೊಂಡ್ಯಾ?" ಎಂದರು.

ಉದ್ದಣ್ಣ ನನ್ನನ್ನೇ ನೋಡುತ್ತಿದ್ದ. ಮಂಜಿನಲ್ಲಿ ಬಿಟ್ಟುಹೋದ ಎಂದು ಒಂದು ಮಾತು ಅಂದಿದ್ದರೆ ಹಾಳೆ ಕಸದ ಬುಟ್ಟಿಗೆ ಹೋಗುತ್ತಿತ್ತು, ಅದರ ಹಿಂದೆಯೇ ನಾನೂ. ಅವನು ಅನ್ನಲಿಲ್ಲ. ನಾನು ಏನನ್ನುತ್ತೇನೆ ಎಂದು ಕಾಯುತ್ತಿದ್ದ.

"ಇಲ್ಲ ಸಾರ್. ತಾನಾಗೇ ಬರ್ಕೊಟ್ಟ" ಎಂದೆ. ಹೇಳುವಾಗ ನೆಲ ನೋಡುತ್ತಿದ್ದೆ.

ಹೌದು, ಕೆಡಿಸಿದ್ದು ನಾನೇ ಎಂದ ಉದ್ದಣ್ಣ. ತಪ್ಪು ಯಾರಿಂದ ಬೇಕಾದರೂ ಆಗುತ್ತದೆ, ನಾಲ್ಕು ತಿಂಗಳು ಸುಳ್ಳು ಹೇಳಿದವನನ್ನು ಇಟ್ಟುಕೊಳ್ಳಲಾರೆ ಎಂದರು ಯಜಮಾನರು. ಹತ್ತು ಗಂಟೆಗೆಲ್ಲ ನಾನು ನನ್ನ ಯಂತ್ರದ ಮುಂದಿದ್ದೆ. ಪಕ್ಕದ ಮೇಜಿನಲ್ಲಿ ಅವನು ತನ್ನ ಏಪ್ರನ್ನು, ಟೀ ಲೋಟ, ಸಣ್ಣ ಸ್ಕ್ರೂಡ್ರೈವರುಗಳನ್ನು ಕೈಚೀಲಕ್ಕೆ ತುಂಬಿದ. ಹೋಗುವಾಗ ನನ್ನ ಹಿಂದೆ ಬಂದು ನಿಂತ.

"ಅವತ್ತು ಸಾರ್ ಕೇಳ್ದಾಗ ನಂಗೂ ಹಿಂಗೇ ಆಗಿದ್ದು ಕಣೋ" ಎಂದ, ಮೆಲ್ಲಗೆ.

ನಾನು ತಿರುಗಿ ನೋಡಲಿಲ್ಲ, ಗಾಜು ಉಜ್ಜುತ್ತಲೇ ಇದ್ದೆ. ಹೋಗುವಾಗಲಾದರೂ ಬಾಯಿಗೆ ಬಂದ ಹಾಗೆ ಬೈದು ಹೋಗಬಾರದಿತ್ತೇ ಎಂದು ಅವನ ಮೇಲೆ ಮತ್ತೆ ಕೋಪ ಬಂತು.