ಉಡಚವ್ವನ ಎರಡನೇ ಕ್ಯಾಸೆಟ್ಟು

ಮಾಸೂರಿನ ಉಡಚವ್ವ ದಪ್ಪು ಹಿಡಿದು ಹಾಡಲು ನಿಂತಳೆಂದರೆ ಎದುರು ಮೇಳದವರು ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅವಳ ಎಡಕ್ಕೆ, ಅರ್ಧ ಹೆಜ್ಜೆ ಹಿಂದೆ ನಿಲ್ಲುತ್ತಿದ್ದವಳು ತಂಗಿ ಗುತ್ತೆವ್ವ. ಬಲಕ್ಕೆ ತುಂತುಣಿ ಮೀಟುತ್ತಿದ್ದವನು ಉಡಚವ್ವನ ಗಂಡ ಮಾಳಪ್ಪ. ಗೀಗೀ ಪದದ ಮೇಳವೆಂದರೆ ಇಷ್ಟೇ ಮಂದಿ. ಅಕ್ಕ ಸಾಲು ಎತ್ತಬೇಕು, ಸಾಲು ಮುಗಿಯುವಲ್ಲಿ ತಂಗಿ 'ಗೀಯ ಗೀಯ' ಎಂದು ಎಳೆದು ಹಿಡಿಯಬೇಕು, ಆ ಎಳೆತದ ಮರೆಯಲ್ಲಿ ಅಕ್ಕ ಉಸಿರು ತೆಗೆದುಕೊಳ್ಳಬೇಕು. ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಎಂದು ಎದುರು ಮೇಳದವರೊಡನೆ ಬೆಳತನಕ ಹಾಡಿನಲ್ಲೇ ವಾದ ನಡೆಯುತ್ತಿತ್ತು. ಹೆಣ್ಣಿನ ಪಕ್ಷ ಉಡಚವ್ವನದು.

ಗುತ್ತೆವ್ವನ ಗಂಡ ಮದುವೆಯಾದ ಹೊಸದರಲ್ಲೇ ಗೋವೆಗೆ ಗೌಂಡಿ ಕೆಲಸಕ್ಕೆಂದು ಹೋದವನು ತಿರುಗಿ ಬರಲಿಲ್ಲ. ಅಂದಿನಿಂದ ಅವಳು ಅಕ್ಕನ ಮನೆಯಲ್ಲೇ ಇದ್ದಳು. ಉಡಚವ್ವನಿಗೆ ಮಕ್ಕಳಿರಲಿಲ್ಲ. ಮೂವರೂ ಮದಗದ ಕೆರೆಯ ಕೆಳಗಿನ ಗದ್ದೆಗಳಲ್ಲಿ ಕೂಲಿ ಮಾಡುವರು, ಕರೆ ಬಂದಾಗ ಹಾಡಲು ಹೋಗುವರು.

ಎಂಬತ್ಮೂರರ ಬೇಸಿಗೆಯಲ್ಲಿ ಅಕ್ಕಿಆಲೂರಿನ ನಿಯಾಜ ಅವರನ್ನು ಹುಬ್ಬಳ್ಳಿಗೆ ಕರೆದೊಯ್ದ. ನಿಯಾಜ ಬಸ್‌ಸ್ಟ್ಯಾಂಡಿನ ಎದುರು ರೇಡಿಯೋ ರಿಪೇರಿ ಮಾಡುತ್ತಿದ್ದವನು, ಆಗಷ್ಟೇ ಕ್ಯಾಸೆಟ್ಟುಗಳನ್ನೂ ಇಡತೊಡಗಿದ್ದ. ಸಿನೆಮಾ ಹಾಡಿಗಿಂತ ಜನ ಗೀಗೀ ಪದ ಕೇಳುತ್ತಾರೆ, ಎಲ್ಲಿಂದ ತಂದು ಕೊಡಲಿ ಎಂದು ಹುಬ್ಬಳ್ಳಿಯ ಒಂದು ಸಣ್ಣ ಕ್ಯಾಸೆಟ್ ಕಂಪನಿಯ ಮಾಲಕ ಶಿದ್ಲಿಂಗಪ್ಪನಿಗೆ ಹೇಳಿದ್ದನಂತೆ. ಗೋಡೆಗೆಲ್ಲ ಹಾಸಿಗೆ ಬಡಿದಿದ್ದ ಒಂದು ಕೋಣೆಯಲ್ಲಿ ಅವರನ್ನು ನಿಲ್ಲಿಸಿ ಹಾಡಿಸಿದರು. ಎದುರಿಗೆ ಜನರಿಲ್ಲದೆ ಹಾಡಿದ್ದು ಅದೇ ಮೊದಲು. ಗೋಡೆ ಕೂಡ ದನಿಯನ್ನು ವಾಪಸು ಕೊಡದೆ ನುಂಗಿಬಿಡುತ್ತಿತ್ತು. ಕೊನೆಯ ಪದದ ಹೊತ್ತಿಗೆ ಉಡಚವ್ವನ ದನಿ ಸೋತಿತು. ಗಂಟಲು ಒಣಗಿದೆಯೆಂದು ನೀರು ಕೊಟ್ಟರು, ಕುಡಿದು ಪದ ಮುಗಿಸಿದಳು.

ಅದು ಗಂಟಲಿನದಾಗಿರಲಿಲ್ಲ. ಮುಂಗಾರು ಹಿಡಿಯುವಷ್ಟರಲ್ಲಿ ಅವಳ ಕಣ್ಣು ಅರಿಶಿನದ ಹಾಗಾದವು. ಕಾಮಣಿ ಎಂದು ಯಾರೋ ಸೊಪ್ಪಿನ ಔಷಧ ಕೊಟ್ಟರು, ಮಾಳಪ್ಪ ಪಥ್ಯ ಮಾಡಿಸಿದ. ಹಿರೇಕೆರೂರಿಗೆ ಒಯ್ದಾಗ ಡಾಕ್ಟರು ತಡವಾಯಿತೆಂದರು. ಆಷಾಢದ ಒಂದು ಮಧ್ಯಾಹ್ನ ಉಡಚವ್ವ ತೀರಿಕೊಂಡಳು.

ನಮ್ಮ ಕಡೆ ಹೆಂಗಸರು ಸುಮ್ಮನೆ ಅಳುವುದಿಲ್ಲ. ಸತ್ತವರ ಗುಣ, ಉಟ್ಟ ಸೀರೆ, ಆಡಿದ ಮಾತು ಎಲ್ಲವನ್ನೂ ಹೇಳಿ ಹೇಳಿ, ಹಾಡಿನಂತೆ ಎಳೆದು ಅಳುತ್ತಾರೆ. ಹೆಣದ ಸುತ್ತ ಕೂತವರೆಲ್ಲ ಗುತ್ತೆವ್ವನ ಬಾಯಿ ನೋಡಿದರು. ಹಾಡುವ ಮನೆಯ ಮಗಳು, ಇವಳು ಎತ್ತಿದರೆ ಊರೇ ಅಳುತ್ತದೆ ಎಂದು ಕಾದರು. ಅವಳ ಬಾಯಿಂದ ಏನೂ ಬರಲಿಲ್ಲ. ತಾಯಿ ಯಂಕವ್ವ ಬೆನ್ನಿಗೆ ಗುದ್ದಿದಳು, ಎದೆಯೊಳಗ ಇಟಗೊಂಡ್ರ ಹುಚ್ಚು ಹಿಡೀತೈತಿ, ಅತ್ತಬಿಡು ಎಂದಳು. ಬಹಳ ಹೊತ್ತು ಮಡಿಚಿ ಕೂತ ಕಾಲು ಜೋಮು ಹಿಡಿದಾಗ ಚಿವುಟಿದರೆ ಹೇಗೆ ತಿಳಿಯುವುದಿಲ್ಲವೋ ಹಾಗೆ, ಗುದ್ದಿದ್ದು ಬೆನ್ನಿಗೆ ಎಂದಷ್ಟೇ ಗುತ್ತೆವ್ವನಿಗೆ ತಿಳಿಯಿತು. ಎದ್ದು ಹೋಗಿ ಬಂದವರಿಗೆ ನೀರು ಕೊಟ್ಟಳು.

ದಸರೆಯ ಹೊತ್ತಿಗೆ ಕ್ಯಾಸೆಟ್ಟು ಹೊರಬಿತ್ತು. ಮೇಲಿನ ಕಾಗದದಲ್ಲಿ ಉಡಚವ್ವ ಒಬ್ಬಳೇ ನಿಂತ ಚಿತ್ರ, ಕೆಳಗೆ 'ಮಾಸೂರು ಉಡಚವ್ವ ಮತ್ತು ಸಂಗಡಿಗರು'. ಅದು ಇಷ್ಟು ಓಡುತ್ತದೆಂದು ಶಿದ್ಲಿಂಗಪ್ಪನೂ ಎಣಿಸಿರಲಿಲ್ಲ. ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ಅದು, ಹಾನಗಲ್ಲಿನ ಚಹಾದಂಗಡಿಯಲ್ಲಿ ಅದು, ಹಂಸಭಾವಿಗೆ ಹೋಗುವ ಟೆಂಪೋದಲ್ಲೂ ಅದೇ. ಒಮ್ಮೆ ಗುತ್ತೆವ್ವ ಗದ್ದೆಯಲ್ಲಿ ಕಳೆ ಕೀಳುತ್ತಿದ್ದಾಗ ಏರಿಯ ಮೇಲೆ ಟ್ರ್ಯಾಕ್ಟರೊಂದು ಅಕ್ಕನ ದನಿ ಹೊತ್ತುಕೊಂಡು ಹೋಯಿತು. ಸಾಲಿನ ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿ ಇವಳನ್ನೇ ನೋಡಿದರು. ಇವಳು ಬಗ್ಗಿದವಳು ಬಗ್ಗಿಯೇ ಇದ್ದಳು. ಸಾಲು ಮುಗಿದಲ್ಲಿ ತನ್ನದೇ 'ಗೀಯ ಗೀಯ' ಕೇಳಿಸಿತು. ಬೇರೆ ಯಾರದೋ ಮನೆಯ ಮಾತು ಕೇಳಿದಂತಿತ್ತು.

ಮಾಳಪ್ಪ ಹಳೆಯದೊಂದು ಟೇಪ್‌ರೆಕಾರ್ಡರ್ ತಂದುಕೊಂಡ. ಸಂಜೆ ಕೆಲಸದಿಂದ ಬಂದವನೇ ಕಾಲು ತೊಳೆದು ಪಡಸಾಲೆಯಲ್ಲಿ ಅದನ್ನು ಹಚ್ಚಿ ಕೂರುವನು. ಕೊನೆಯ ಪದಕ್ಕೆ ಬಂದಾಗ, ದನಿ ಸೋಲುವಲ್ಲಿ, ಬಂದ್ ಮಾಡಿಬಿಡುವನು. ಗುತ್ತೆವ್ವ ಒಳಗೆ ರೊಟ್ಟಿ ಬಡಿಯುತ್ತಿರುವಳು. ಅವರಿಬ್ಬರ ನಡುವೆ ಉಣ್ಣು, ಬಾ, ಹೋಗು ಎಂಬುದರ ಹೊರತು ಮಾತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ನಿಯಾಜ ಶಿದ್ಲಿಂಗಪ್ಪನನ್ನು ಕರೆದುಕೊಂಡು ಮಾಸೂರಿಗೆ ಬಂದ. ಶಿದ್ಲಿಂಗಪ್ಪ ಮೆದು ಮಾತಿನ ಮನುಷ್ಯ. ಉಡಚವ್ವನ ಸಾವಿಗೆ ಮರುಗಿದ, ಗೋಡೆಯ ಮೇಲಿನ ಅವಳ ಫೋಟೋಕ್ಕೆ ಕೈ ಮುಗಿದ. ಆಮೇಲೆ ಬಂದ ಕೆಲಸ ಹೇಳಿದ. ಗದಗು, ವಿಜಾಪುರದ ಅಂಗಡಿಯವರು ಎರಡನೇ ಭಾಗ ಕೇಳುತ್ತಿದ್ದರು. ಅಲ್ಲಿಯವರಿಗೆ ಉಡಚವ್ವ ಇಲ್ಲವೆಂಬ ಸುದ್ದಿಯೇ ಇರಲಿಲ್ಲ. ಪದಗಳೆಲ್ಲ ಗುತ್ತೆವ್ವನಿಗೆ ಬಾಯಿಪಾಠ, ದನಿಯೂ ಒಂದೇ ಗರ್ಭದ್ದು. ಅವಳು ಹಾಡಲಿ, ಹೆಸರು ಮಾತ್ರ ಇದ್ದದ್ದೇ ಇರಲಿ ಎಂದ.

ನಿಯಾಜ ತಲೆ ತಗ್ಗಿಸಿ ಕೂತಿದ್ದ. "ಅಕ್ಕಾ, ಮನಸಿಲ್ಲಂದ್ರ ಬ್ಯಾಡ," ಎಂದ.

ಗುತ್ತೆವ್ವ ಮಾಳಪ್ಪನ ಕಡೆ ನೋಡಿದಳು. ಸಿಟ್ಟಾಗುತ್ತಾನೆ, ಎಬ್ಬಿಸಿ ಕಳಿಸುತ್ತಾನೆ ಎಂದುಕೊಂಡಿದ್ದಳು. ಮಾಳಪ್ಪ ನೆಲ ನೋಡುತ್ತ, "ಹಾಡು," ಎಂದ. "ಆಕಿ ಹಾಡಬೇಕಂದಿದ್ದ ಪದ ಇನ್ನೂ ಭಾಳ ಅದಾವು."

ಹೂಂ ಎನ್ನಬೇಕೆಂದು ಅವಳಿಗೆ ಅನ್ನಿಸಲಿಲ್ಲ. ಊಹೂಂ ಎನ್ನಬೇಕೆಂದೂ ಅನ್ನಿಸಲಿಲ್ಲ. ಹೂಂ ಎಂದಳು.

ಅದೇ ಕೋಣೆ, ಅದೇ ಹಾಸಿಗೆ ಬಡಿದ ಗೋಡೆ. ಅಕ್ಕ ನಿಂತ ಜಾಗದಲ್ಲಿ ಅವಳು ನಿಂತಳು. ಹಿಂದೆ ಹಿಡಿಯಲು ಚಿಕ್ಕಪ್ಪನ ಮಗಳು ಮಾದೇವಿಯನ್ನು ತಂದಿದ್ದರು. ಒಳ್ಳೆಯ ದನಿ, ಆದರೆ ಒಂದು ಎಳೆ ತಡವಾಗಿ ಹಿಡಿಯುತ್ತಿತ್ತು. ಅಕ್ಕ ಎಲ್ಲಿ ನಗುತ್ತಿದ್ದಳು, ಎಲ್ಲಿ ಸಾಲು ಅರ್ಧಕ್ಕೆ ಬಿಟ್ಟು ಎದುರಿನವರನ್ನು ಕೆಣಕುತ್ತಿದ್ದಳು ಎಂಬುದೆಲ್ಲ ಗುತ್ತೆವ್ವನ ಮೈಯಲ್ಲೇ ಇತ್ತು. ಇಷ್ಟು ವರ್ಷ ಬೆನ್ನ ಹಿಂದೆ ನಿಂತು ಕಲಿತದ್ದು. ಅವಳು ನಕ್ಕಳು, ಕೆಣಕಿದಳು. ಯಂತ್ರದ ಮುಂದೆ ಕೂತವನು ಗಾಜಿನಾಚೆಯಿಂದ ತಲೆಯಾಡಿಸಿದ. ಮಾಳಪ್ಪ ತುಂತುಣಿ ಮೀಟುತ್ತ ಕಣ್ಣು ಮುಚ್ಚಿದ್ದ. ಹೊರಗೆ ಬಂದಾಗ ಅವಳಿಗೆ ಹಸಿವಾಗಿತ್ತು, ಬೇರೇನೂ ಆಗಿರಲಿಲ್ಲ.

ಎರಡನೇ ಭಾಗ ಮೊದಲನೆಯದಕ್ಕಿಂತ ಹೆಚ್ಚು ಓಡಿತು. ಕಾಗದದ ಮೇಲೆ ಅದೇ ಚಿತ್ರವನ್ನು ಬೇರೆ ಬಣ್ಣದಲ್ಲಿ ಅಚ್ಚು ಹಾಕಿದ್ದರು. ಉಡಚವ್ವನ ದನಿ ಈಗ ಮತ್ತಷ್ಟು ಕಸುವಾಗಿದೆ ಎಂದು ಹಾನಗಲ್ಲಿನಲ್ಲಿ ಯಾರೋ ಹೊಗಳಿದ್ದನ್ನು ನಿಯಾಜ ಬಂದು ಹೇಳಿದ, ಹೇಳಿ ತಾನೇ ಮುಜುಗರಪಟ್ಟ. ದೂರದೂರಿನ ಕರೆಗಳು ಉಡಚವ್ವನ ಹೆಸರಿಗೆ ಬರತೊಡಗಿದವು. ಗುತ್ತೆವ್ವ ಹೋದಳು. ಮೈಕಿನಲ್ಲಿ ಅಕ್ಕನ ಹೆಸರು ಕೂಗಿದಾಗ ಎದ್ದು ನಿಂತಳು. ಮೊದಮೊದಲು ಕೂಗಿದ ಮೇಲೆ ಒಂದು ಗಳಿಗೆ ತಡೆಯುತ್ತಿದ್ದಳು, ಆಮೇಲೆ ಅದೂ ಹೋಯಿತು.

ಊರಲ್ಲಿ ಮಾತು ಬೇರೆ ದಾರಿ ಹಿಡಿಯಿತು. ಯಂಕವ್ವ ಒಂದು ದಿನ ಮಗಳ ತಲೆಗೆ ಎಣ್ಣೆ ಹಚ್ಚುತ್ತ ಮೆಲ್ಲಗೆ ತೆಗೆದಳು. ಗೋವೆಗೆ ಹೋದವನು ಇನ್ನು ಬರುವವನಲ್ಲ. ಮಾಳಪ್ಪ ಕುಡಿಯುವವನಲ್ಲ, ಬಡಿಯುವವನಲ್ಲ. ಒಂದೇ ಸೂರಿನ ಕೆಳಗೆ ಎಷ್ಟು ದಿನ ಹೀಗೆ ಇರುವುದು?

"ಅಕ್ಕನ ಹೆಸರಂತೂ ತಗೊಂಡಿ," ಎಂದಳು ಯಂಕವ್ವ. "ಆಕಿ ಮನೀನೂ ನೀನ ಹಿಡಿ."

ಅದಕ್ಕೂ ಗುತ್ತೆವ್ವ ಹೂಂ ಎನ್ನುವವಳೇ ಇದ್ದಳು. ಬಾಯಿ ತೆರೆಯುವಷ್ಟರಲ್ಲಿ ಪಡಸಾಲೆಯಲ್ಲಿ ಮಾಳಪ್ಪ ಟೇಪ್ ಹಚ್ಚಿದ. ಎರಡನೆಯದು. ಈಗೀಗ ಅವನು ಮೊದಲನೆಯದನ್ನು ಮುಟ್ಟುತ್ತಲೇ ಇರಲಿಲ್ಲ. ಗುತ್ತೆವ್ವ ಹೊರಗೆ ಬಂದು, ಮಾವ, ಅದು ನಾನು ಹಾಡಿದ್ದು, ಅಕ್ಕಂದು ಹಚ್ಚಬಾರದ ಎಂದು ಕೇಳಿದಳು.

ಮಾಳಪ್ಪ ದನಿ ಸಣ್ಣದು ಮಾಡಿದ. "ಅದರಾಗ ಆಕಿಗೆ ಆರಾಮಿಲ್ಲ," ಎಂದ. "ಇದರಾಗ ಆರಾಮದಾಳ."

ಅವನಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ಹೇಳಿದ. ಗುತ್ತೆವ್ವ ಒಳಗೆ ಹೋಗಿ, ಯೋಚಿಸಿ ಹೇಳುತ್ತೇನೆಂದು ತಾಯಿಗೆ ಅಂದಳು.

ಆ ವರ್ಷದ ಬೇಸಿಗೆಯಲ್ಲಿ ಸವಣೂರಿನಿಂದ ಕರೆ ಬಂತು. ಎದುರು ಮೇಳ ಮಹಮ್ಮದಗೌಸ ಸಾಹೇಬರದು. ಗಂಡಿನ ಪಕ್ಷದಲ್ಲಿ ಅವರಷ್ಟು ಹಳಬರು ಆ ಭಾಗದಲ್ಲಿ ಇನ್ನೊಬ್ಬರಿರಲಿಲ್ಲ. ಹಿಂದೆ ಶಿಗ್ಗಾಂವಿಯಲ್ಲಿ, ಹಿರೇಕೆರೂರಿನಲ್ಲಿ ಉಡಚವ್ವನೊಡನೆ ಎಷ್ಟೋ ರಾತ್ರಿ ವಾದ ಹೂಡಿದ್ದವರು. ಅವರ ಹೆಸರು ಕೇಳಿ ಮಾದೇವಿ ಹೆದರಿದಳು, ಗುರುತು ಹಿಡಿದರೆ ಏನು ಗತಿ ಎಂದಳು. ಗುತ್ತೆವ್ವನಿಗೆ ಹೆದರಿಕೆಯೂ ಆಗಲಿಲ್ಲ. ನೋಡಿದರೆ ಸಾಹೇಬರ ಎರಡೂ ಕಣ್ಣಿಗೆ ಪರೆ ಬಂದಿತ್ತು. ಮೊಮ್ಮಗನ ಹೆಗಲು ಹಿಡಿದು ಕಟ್ಟೆ ಹತ್ತಿದರು, ದನಿ ಬಂದ ಕಡೆ ಮುಖ ತಿರುಗಿಸಿ ಹಾಡಿದರು. ವಾದ ಚೆನ್ನಾಗಿಯೇ ನಡೆಯಿತು. ಬೆಳಗಾಗುವ ಹೊತ್ತಿಗೆ ಇಬ್ಬರೂ ಸರಿಸಮವೆಂದು ಹಿರಿಯರು ಮುಗಿಸಿದರು.

ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹೊಟೆಲ್ಲಿನಲ್ಲಿ ಸಾಹೇಬರು ಅವಳನ್ನು ಎದುರಿಗೆ ಕೂರಿಸಿಕೊಂಡು ಚಹಾ ಹೇಳಿದರು. ಮಾಳಪ್ಪ, ಮಾದೇವಿ ಬಸ್ಸಿನ ವಿಚಾರಣೆಗೆ ಹೋಗಿದ್ದರು. ಸಾಹೇಬರು ಬಸಿಯಲ್ಲಿ ಚಹಾ ಸುರಿದುಕೊಂಡು ಆರಿಸುತ್ತ, ಬಹಳ ಹೊತ್ತಿನಿಂದ ಕೇಳಬೇಕೆಂದಿದ್ದವರಂತೆ ಕೇಳಿದರು.

"ಉಡಚವ್ವ, ನಿನ್ನ ತಂಗಿ ಎಲ್ಲಿ?"

ಗುತ್ತೆವ್ವ ಲೋಟ ಕೆಳಗಿಟ್ಟಳು.

"ಹಿಂದ ಹಿಡೀತಿದ್ಲಲ್ಲ, ಗುತ್ತೆವ್ವ. ಹೊಸಾ ಕ್ಯಾಸೆಟ್ಟಿನ್ಯಾಗೂ ಇಲ್ಲ, ರಾತ್ರೀನೂ ಇಲ್ಲ. ಈ ಹುಡುಗಿ ತಡಾ ಮಾಡ್ತಾಳ, ನಿನಗ ಉಸಿರ ಸಾಲವಲ್ದು. ಆಕಿ ಆರಾಮದಾಳಿಲ್ಲೋ?"

ಅಕ್ಕ ಹೋಗಿ ವರ್ಷ ತುಂಬುತ್ತ ಬಂದಿತ್ತು. ಇಷ್ಟು ದಿನದಲ್ಲಿ ಉಡಚವ್ವನನ್ನು ಕೇಳಿದವರಿದ್ದರು, ಅತ್ತವರಿದ್ದರು, ಅವಳ ದನಿಯನ್ನು ಹೊಗಳಿದವರಿದ್ದರು. ಗುತ್ತೆವ್ವ ಎಲ್ಲಿ ಎಂದು ಯಾರೂ ಕೇಳಿರಲಿಲ್ಲ. ಅವಳೂ ಕೇಳಿಕೊಂಡಿರಲಿಲ್ಲ.

"ನಾನ ಗುತ್ತೆವ್ವರಿ," ಎಂದಳು. ದನಿ ನೆಟ್ಟಗಿತ್ತು. "ಅಕ್ಕ ಸತ್ತಳ್ರಿ, ಹ್ವಾದ ಆಷಾಢದಾಗ."

ಅಕ್ಕ ಸತ್ತಳು ಎಂದು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸಾಹೇಬರು ಬಸಿ ಹಿಡಿದ ಕೈಯನ್ನು ಮೇಜಿನ ಮೇಲಿಟ್ಟರು. ಚಹಾ ಚೆಲ್ಲಿತು. ಹಾಗಾದರೆ ರಾತ್ರಿಯೆಲ್ಲ ತಾವು ಯಾರೊಡನೆ ವಾದ ಮಾಡಿದ್ದು ಎಂದು ಕೇಳಿದರು. ನನ್ನ ಕೂಡ್ರಿ ಎಂದಳು. ಸಾಹೇಬರು ತಲೆಯ ಟೊಪ್ಪಿಗೆ ತೆಗೆದು ಮುಖಕ್ಕೆ ಹಿಡಿದು ಅತ್ತರು. ಅವರ ಹೆಗಲು ಅಲುಗುವುದನ್ನು ಗುತ್ತೆವ್ವ ನೋಡುತ್ತ ಕೂತಳು. ಅವಳಿಗೆ ಅಳು ಬರಲಿಲ್ಲ. ಎಡಗೈ ಬೆರಳುಗಳು ತಣ್ಣಗಾಗಿವೆ ಎಂದು ಮಾತ್ರ ಗೊತ್ತಾಯಿತು. ಅವನ್ನು ಬಿಸಿ ಲೋಟಕ್ಕೆ ಒತ್ತಿ ಹಿಡಿದಳು, ಸುಡುವವರೆಗೂ ಬಿಡಲಿಲ್ಲ.

ಸಾಹೇಬರು ಮುಖ ಒರೆಸಿಕೊಂಡರು. ಇನ್ನೊಂದು ಚಹಾ ತರಿಸಿದರು.

ಊರಿಗೆ ಬಂದ ಮೇಲೆ ಅವಳು ತಾಯಿಗೆ ಮಾಳಪ್ಪನೊಡನೆ ಕೂಡಿಕೆ ಬೇಡವೆಂದಳು. ಯಂಕವ್ವ ಗೊಣಗಿದಳು. ಮಾಳಪ್ಪನ ಕಿವಿಗೆ ಆ ಮಾತು ಬಿದ್ದಿತ್ತೋ ಇಲ್ಲವೋ, ಅವನು ಕೇಳಲಿಲ್ಲ. ಮುಂದೆ ಅವನು ಮೇಳ ಬಿಟ್ಟು ಹಂಸಭಾವಿಯಲ್ಲಿದ್ದ ತನ್ನ ಅಕ್ಕನ ಮನೆಗೆ ಹೋಗಿ ನೆಲೆಸಿದ. ಹೋಗುವಾಗ ಟೇಪ್‌ರೆಕಾರ್ಡರನ್ನೂ ಎರಡು ಕ್ಯಾಸೆಟ್ಟುಗಳನ್ನೂ ಚೀಲದಲ್ಲಿಟ್ಟುಕೊಂಡ. ತುಂತುಣಿಯನ್ನು ಗೂಟದಲ್ಲೇ ಬಿಟ್ಟ.

ಶಿದ್ಲಿಂಗಪ್ಪ ಮೂರನೇ ಭಾಗಕ್ಕೆ ಹೇಳಿಕಳಿಸಿದಾಗ ಗುತ್ತೆವ್ವ ತನ್ನ ಹೆಸರು ಹಾಕುವುದಾದರೆ ಬರುತ್ತೇನೆ ಎಂದಳು. ಆ ಹೆಸರು ಅಂಗಡಿಯಲ್ಲಿ ಓಡುವುದಿಲ್ಲವೆಂದು ಅವನು ನಿಯಾಜನ ಕೈಲಿ ತಿರುಗಿ ಹೇಳಿಸಿದ. ನಿಯಾಜ ಆ ಉತ್ತರ ತಂದವನು, ಅವಳ ಮುಖ ನೋಡಿ, ತಾನೇ ಹುಬ್ಬಳ್ಳಿಗೆ ಹೋಗಿ ಅವನೊಡನೆ ಜಗಳಾಡಿ ಬಂದ. ಕಡೆಗೆ ಅವಳ ಹೆಸರಿನಲ್ಲೇ, ಸ್ವಲ್ಪವೇ ಪ್ರತಿ ಹಾಕುವುದೆಂದು ಆಯಿತು. ಕೋಣೆಯಲ್ಲಿ ನಿಂತಾಗ ಯಂತ್ರದ ಮುಂದೆ ಕೂತವನು ಮೊದಲು ಹೆಸರು ಹೇಳಿ ಶುರುಮಾಡಲು ಹೇಳಿದ. ಮಾಸೂರು ಗುತ್ತೆವ್ವ ಎಂದಳು. ಇನ್ನೊಮ್ಮೆ ಜೋರಾಗಿ ಎಂದ. ಇನ್ನೊಮ್ಮೆ ಹೇಳಿದಳು. ಅಕ್ಕನ ನಗೆಯನ್ನು ಈ ಸಲ ನಗಲಿಲ್ಲ. ಅಲ್ಲಿ ಏನು ಮಾಡಬೇಕೆಂದು ತಿಳಿಯದೆ ಒಂದೆರಡು ಕಡೆ ಸುಮ್ಮನೆ ನಿಂತಳು. ಆ ಖಾಲಿ ಜಾಗಗಳು ಹಾಗೆಯೇ ಕ್ಯಾಸೆಟ್ಟಿನಲ್ಲಿ ಉಳಿದವು.

ಶಿದ್ಲಿಂಗಪ್ಪ ಹೇಳಿದಂತೆಯೇ ಅದು ಓಡಲಿಲ್ಲ. ಗಿರಣಿಯವರು ಒಂದೆರಡು ದಿನ ಹಚ್ಚಿ ಮತ್ತೆ ಹಳೆಯದಕ್ಕೆ ಹೋದರು. ಮಾರದೆ ಉಳಿದವುಗಳ ಮೇಲೆ ಕಂಪನಿಯವರು ಸಿನೆಮಾ ಹಾಡು ತುಂಬಿಕೊಂಡರಂತೆ. ನಿಯಾಜ ಇದನ್ನು ಹೇಳಲಾರದೆ ಹೇಳಿದಾಗ ಗುತ್ತೆವ್ವ ಅಕ್ಕಿಆಲೂರಿನ ಸಂತೆಯಿಂದ ಕೊಂಡ ಮೆಣಸಿನಕಾಯಿ ಗಂಟು ಕಟ್ಟುತ್ತಿದ್ದಳು. ಹೋಗಲಿ ಬಿಡು ತಮ್ಮಾ ಎಂದಳು. ದೂರದೂರಿನ ಕರೆಗಳು ನಿಂತುಹೋಗಿದ್ದವು. ಸುತ್ತಲಿನವು ಬರುತ್ತಿದ್ದವು.

ಅಂಥ ಒಂದು ಕರೆಗೆ ಅವಳು ಸಂಜೆ ಹೊರಡಬೇಕಿತ್ತು. ಮಧ್ಯಾಹ್ನ ಮಾದೇವಿಯನ್ನು ಹಿತ್ತಲಲ್ಲಿ ಕೂರಿಸಿಕೊಂಡು, ಸಾಲು ಮುಗಿಯುವ ಮೊದಲೇ ಹೇಗೆ ಹಿಡಿಯಬೇಕೆಂದು ಹೇಳಿಕೊಟ್ಟಳು. ಮಾದೇವಿ ಮೊದಲು ತಡಮಾಡಿದಳು, ಮತ್ತೆ ತಡಮಾಡಿದಳು. ಗುತ್ತೆವ್ವ ಬೇಸರಿಸದೆ ಅದೇ ಸಾಲನ್ನು ಮತ್ತೆ ಎತ್ತಿದಳು. ಒಮ್ಮೆ ಹುಡುಗಿ ಸರಿಯಾದಲ್ಲಿ ಹಿಡಿದಳು. ಗುತ್ತೆವ್ವ ಉಸಿರು ತೆಗೆದುಕೊಂಡು ಮುಂದಿನ ಸಾಲಿಗೆ ಹೋದಳು.